ಫ್ಲೈ ಕಾಸ್ಟಿಂಗ್ ಆನ್‌ಲೈನ್ ಕೋರ್ಸ್, ವರ್ಷ ದಾಟಿದ ಮೇಲೆ: ಭುಜ ಉಳಿಯಿತು, ಲೈನ್ ಕೈಕೊಟ್ಟಿತು

ಭುಜದ ನೋವು ಹೋಯಿತು. ಈ ಕೋರ್ಸಿನ ಬಗ್ಗೆ ಮೊದಲು ಹೇಳಬೇಕಾದ್ದು ಇದೇ. ಫ್ಲೈ ಅಂದರೆ ಗರಿ, ನೂಲು ಕಟ್ಟಿ ಹುಳದ ಹಾಗೆ ಕಾಣುವಂತೆ ಮಾಡಿದ ಹಗುರ ಕೊಕ್ಕೆ. ಅದನ್ನು ರಾಡಿನಿಂದ ಬೀಸಿ ನೀರಿಗೆ ಎಸೆಯುವುದೇ ಫ್ಲೈ ಕಾಸ್ಟಿಂಗ್. ಮುಂಚೆ ಅರ್ಧ ಗಂಟೆ ಬೀಸುವಷ್ಟರಲ್ಲಿ ಬಲಗೈ ಸೋತು ಹೋಗುತ್ತಿತ್ತು. ಮಾರನೇ ದಿನ ಅಂಗಡಿಯಲ್ಲಿ ಮೇಲಿನ ಶೆಲ್ಫಿನಿಂದ ಒಂದು ಡಬ್ಬ ಇಳಿಸುವುದೂ ಕಷ್ಟ. ಈಗ ಬೆಳಗಿನ ಜಾವ ಕೆರೆಗೆ ಹೋದರೆ ಬಿಸಿಲು ಏರುವ ತನಕ ಬೀಸುತ್ತೇನೆ. ಕೈ ಹಗುರವಾಗಿಯೇ ಇರುತ್ತದೆ.

ರಾಡ್ ಯಾವುದು, ರೀಲ್ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. 9 ಅಡಿಯ 5 ವೇಟ್, ಶುರು ಮಾಡುವವರೆಲ್ಲ ಕೊಳ್ಳುವಂಥದ್ದೇ. ವಿಷಯ ಇರುವುದು ಬೀಸುವ ರೀತಿಯಲ್ಲಿ. ದಾವಣಗೆರೆಯಲ್ಲಿ ಗಾಳ ಹಾಕುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಫ್ಲೈ ಹಿಡಿದು ಪಕ್ಕದಲ್ಲಿ ನಿಂತು ಹೇಳಿಕೊಡುವವರು ನನಗೆ ಸಿಗಲಿಲ್ಲ. ಅದಕ್ಕೇ 4,500 ರೂಪಾಯಿ ಕೊಟ್ಟು ಆನ್‌ಲೈನ್ ಕೋರ್ಸ್ ತಗೊಂಡೆ. ಪಾಠದ ವಿಡಿಯೊ ನೋಡಬೇಕು, ನಾವು ಬೀಸುವುದನ್ನು ಫೋನಿನಲ್ಲಿ ಹಿಡಿದು ಕಳಿಸಬೇಕು. ಹೇಳಿಕೊಡುವವರು ಅದರ ಮೇಲೇ ಗೆರೆ ಎಳೆದು, ರಾಡಿನ ತುದಿ ಎಲ್ಲಿ ದಾರಿ ತಪ್ಪಿತು ಅಂತ ತೋರಿಸಿ ವಾಪಸ್ ಕಳಿಸುತ್ತಾರೆ.

ಫ್ಲೈ ಹೊಸದಾಗಿ ನೋಡುವವರಿಗೆ ಒಂದು ಮಾತು. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ಹೆಚ್ಚುಕಮ್ಮಿ ತೂಕವೇ ಇಲ್ಲ. ತೂಕ ಇರುವುದು ಲೈನಿಗೆ, ಅಂದರೆ ದಾರಕ್ಕೇ. 5 ವೇಟ್ ಅಂದರೆ ಲೈನಿನ ಮೊದಲ 30 ಅಡಿ 140 ಗ್ರೇನ್, ಸುಮಾರು 9 ಗ್ರಾಂ ತೂಗುತ್ತದೆ. ಅಷ್ಟು ಹಗುರವಾದದ್ದನ್ನು ಗಾಳಿಯಲ್ಲಿ ಬಿಚ್ಚಿ ಚಾಚಬೇಕು. ರಟ್ಟೆಯ ಬಲಕ್ಕೆ ಇದು ಬಗ್ಗುವುದಿಲ್ಲ. ಬಲ ಜಾಸ್ತಿ ಹಾಕಿದಷ್ಟೂ ರಾಡಿನ ತುದಿ ಅದುರಿ, ಮೇಲಿನ ದಾರ ಕೆಳಗಿನದಕ್ಕೆ ತಾಕಿ ಗಂಟು ಬೀಳುತ್ತದೆ.

ಎಲ್ಲರಿಗೂ ಮೊದಲು ಸಿಗುವ ಪಾಠ ಗಡಿಯಾರದ ಲೆಕ್ಕದ್ದು. ತಲೆಯ ಮೇಲೆ 12 ಗಂಟೆ ಅಂದುಕೊಂಡರೆ, ರಾಡ್ ಮುಂದಿನ 10 ಗಂಟೆಯಿಂದ ಹಿಂದಿನ 2 ಗಂಟೆಗೆ ಹೋಗಬೇಕು, ಅಲ್ಲಿ ನಿಲ್ಲಬೇಕು, ಹಿಂದೆ ದಾರ ನೆಟ್ಟಗಾಗುವ ತನಕ ಕಾಯಬೇಕು, ಅದೇ ದಾರಿಯಲ್ಲಿ ಮುಂದಕ್ಕೆ ಬರಬೇಕು. ಆ ಕಾಯುವ ಹೊತ್ತು ಇದೆಯಲ್ಲ, ಎಲ್ಲ ಇರುವುದು ಅದರಲ್ಲೇ. ಒಂದು ಚೂರು ಬೇಗ ಆದರೆ ಫ್ಲೈ ಚಾಟಿಯ ಹಾಗೆ ಚಟ್ ಅಂದು ಕಿತ್ತು ಹೋಗುತ್ತದೆ. ತಡವಾದರೆ ದಾರ ಸಡಿಲಾಗಿ ನೆಲಕ್ಕೆ ಬೀಳುತ್ತದೆ. ಸಡಿಲಾದ ದಾರವನ್ನು ಮತ್ತೆ ಬಿಗಿ ಮಾಡುವುದಕ್ಕೇ ಕೈಯ ಅರ್ಧ ಶಕ್ತಿ ಖರ್ಚು. ಭುಜ ನೋಯುವುದು ಅದರಿಂದಲೇ. ಅಮೆರಿಕದ ಲೆಫ್ಟಿ ಕ್ರೆ ಈ ಗಡಿಯಾರವನ್ನು ಬಿಟ್ಟು, ರಾಡನ್ನು ಪಕ್ಕಕ್ಕೆ ಒರಗಿಸಿ ಇನ್ನೂ ಹಿಂದಕ್ಕೆ ಒಯ್ದು, ಮೈಯನ್ನೂ ಜೊತೆಗೆ ತಿರುಗಿಸಿ ಬೀಸುವುದನ್ನು ದಶಕಗಳ ಕಾಲ ಕಲಿಸಿದರು. 2018ರಲ್ಲಿ ಅವರು ತೀರಿಕೊಂಡರು. ಈ ಕೋರ್ಸಿನ ಮೊದಲ ಪಾಠಗಳಲ್ಲಿ ಅವರ ದಾರಿ ಚೆನ್ನಾಗಿ ಕಾಣುತ್ತದೆ. ರಾಡಿನ ತುದಿ ನೀರಿನ ಹತ್ತಿರ ಇಟ್ಟು ಶುರು ಮಾಡಿ, ಮೊದಲು ಸಡಿಲು ತೆಗೆಯಿರಿ, ನಿಧಾನಕ್ಕೆ ಎತ್ತಿ ವೇಗ ಏರಿಸುತ್ತಾ ಹೋಗಿ, ಆಮೇಲೆ ಚಕ್ಕನೆ ನಿಲ್ಲಿಸಿ.

ನನಗೆ ಬದುಕು ಕೊಟ್ಟಿದ್ದು ಅದರ ಮುಂದಿನ ಪಾಠ. ಬೆಲ್ಜಿಯನ್ ಕಾಸ್ಟ್. ಓವಲ್ ಕಾಸ್ಟ್ ಅಂತಲೂ ಹೇಳುತ್ತಾರೆ. ಹಿಂದಕ್ಕೆ ಬೀಸುವಾಗ ರಾಡ್ ಪಕ್ಕದಿಂದ, ಸೊಂಟದ ಎತ್ತರದಲ್ಲಿ ಹೋಗುತ್ತದೆ. ಅಲ್ಲಿ ನಿಲ್ಲುವುದಿಲ್ಲ. ಹಾಗೇ ಸುತ್ತಿಕೊಂಡು ಮೇಲೇರಿ, ತಲೆಯ ಮೇಲಿನಿಂದ ಮುಂದಕ್ಕೆ ಬರುತ್ತದೆ. ರಾಡಿನ ತುದಿ ಮೊಟ್ಟೆಯಾಕಾರದಲ್ಲಿ ತಿರುಗುತ್ತದೆ. ದಾರ ಒಂದು ಕ್ಷಣವೂ ಸಡಿಲಾಗುವುದಿಲ್ಲ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೋಡಿದ್ದೀರಲ್ವಾ? ತಿರುಗುವಾಗ ಹಗ್ಗ ಬಿಗಿಯಾಗಿಯೇ ಇರುತ್ತದೆ, ಕಲ್ಲಿನ ತೂಕ ಕೈಗೆ ಗೊತ್ತಾಗುತ್ತಲೇ ಇರುತ್ತದೆ. ಇದೂ ಅಷ್ಟೇ. ದಾರದ ಎಳೆತ ಬೆರಳಿಗೆ ತಿಳಿಯುತ್ತಿರುವುದರಿಂದ ಯಾವಾಗ ಮುಂದಕ್ಕೆ ತರಬೇಕು ಅಂತ ಲೆಕ್ಕ ಹಾಕಬೇಕಾಗಿಲ್ಲ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಹಾಗಾಗಿ ಫ್ಲೈ ರಾಡಿಗೆ ಸಿಕ್ಕಿಕೊಳ್ಳುವುದೂ ಕಡಿಮೆ.

ಅಭ್ಯಾಸದ ಬೆಳಗುಗಳು ನನಗೆ ಮೀನು ಹಿಡಿಯುವಷ್ಟೇ ಇಷ್ಟ. ಮೈದಾನಕ್ಕೆ ವಾಕಿಂಗ್‌ನವರು ಬರುವ ಮೊದಲೇ ಹೋಗುತ್ತೇನೆ. ಕೊಕ್ಕೆ ಇಲ್ಲ, ಅದರ ಜಾಗದಲ್ಲಿ ಕೆಂಪು ಉಲ್ಲನ್ ದಾರದ ಚೂರು. ಹುಲ್ಲಿನ ಮೇಲೆ ಹಳೆ ಸೈಕಲ್ ಟೈರ್ ಇಟ್ಟು, ಉಲ್ಲನ್ ಅದರೊಳಗೆ ಬೀಳಬೇಕು. ಹಿಡಿ ಸಡಿಲ, ಹೆಬ್ಬೆರಳು ಮೇಲೆ, ರಾಡ್ ನಿಲ್ಲಿಸುವ ಕ್ಷಣಕ್ಕೆ ಮಾತ್ರ ಮುಷ್ಟಿ ಬಿಗಿ. ಚೆನ್ನಾಗಿ ಬಿದ್ದ ಕಾಸ್ಟ್‌ಗೆ ಸದ್ದೇ ಇರುವುದಿಲ್ಲ. ದಾರ ಬಿಚ್ಚಿಕೊಳ್ಳುವುದನ್ನು ನೋಡುತ್ತಾ ನಿಂತುಬಿಡುತ್ತೇನೆ. ಆಮೇಲೆ ಬೆಣ್ಣೆ ದೋಸೆ, ಆಮೇಲೆ ಅಂಗಡಿ.

ಈ ಸೀಮೆಗೆ ಈ ರೀತಿ ಯಾಕೆ ಹೊಂದುತ್ತದೆ ಅಂತ ಹೇಳಲೇಬೇಕು. ನಮಗೆ ಗಾಳಿ ಜಾಸ್ತಿ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಸಾಲಿನಲ್ಲಿ ಸುಮ್ನೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿಲ್ಲ. ಸೂಳೆಕೆರೆಯ ಏರಿ ಕಟ್ಟಿರುವುದೇ ಎರಡು ಗುಡ್ಡಗಳ ನಡುವಿನ ಕಂಡಿಗೆ. ಆಷಾಢದಲ್ಲಿ ಅಲ್ಲಿ ಟೋಪಿ ನಿಲ್ಲುವುದಿಲ್ಲ. ಬೆನ್ನ ಹಿಂದಿನಿಂದ ಗಾಳಿ ಬರುವಾಗ ರಾಡ್ ನೆಟ್ಟಗೆ ಎತ್ತಿ ಹಿಂದಕ್ಕೆ ಬೀಸಿದರೆ ಗಾಳಿ ದಾರವನ್ನು ತಲೆ ಮೇಲೆ ತಂದು ಹಾಕುತ್ತದೆ. ನೆಲದ ಹತ್ತಿರ ಗಾಳಿಯ ಜೋರು ಕಡಿಮೆ. ಪಕ್ಕದಿಂದ ತಗ್ಗಿಸಿ ಬೀಸಿದ ದಾರ ಗಾಳಿಯ ಕೆಳಗೆ ನುಸುಳಿ ಹಿಂದಕ್ಕೆ ಹೋಗುತ್ತದೆ. ಮೇಲಿನಿಂದ ಮುಂದಕ್ಕೆ ಬರುವಾಗ ಅದೇ ಗಾಳಿ ದಾರವನ್ನು ಹೊತ್ತುಕೊಂಡು ಹೋಗುತ್ತದೆ. ಮುಂಚೆ ಗಾಳಿ ಎದ್ದರೆ ರಾಡ್ ಮಡಿಸಿ ಮನೆಗೆ ಬರುತ್ತಿದ್ದ ನಾನು ಈಗ ನಿಲ್ಲುತ್ತೇನೆ. ಗಾಳಿ ಬಲಗಡೆಯಿಂದ ಬಂದರೆ ಮಾತ್ರ ಇದು ಅಪಾಯ. ಕೊಕ್ಕೆ ಮುಖದ ಕಡೆಗೇ ಬರುತ್ತದೆ. ಆಗ ರಾಡನ್ನು ಎಡಭುಜದ ಮೇಲೆ ಒರಗಿಸಿ ಬೀಸಬೇಕು. ಕನ್ನಡಕ, ಟೋಪಿ ಯಾವಾಗಲೂ ಬೇಕು. ಏರಿ ಮೇಲೆ ನಿಂತು ಮಾತ್ರ ಯಾರೂ ಬೀಸಬೇಡಿ, ಹಿಂದೆ ರಸ್ತೆ ಇದೆ, ಬೈಕಿನವರು ಬರುತ್ತಾರೆ. ಕೆರೆಗಳ ಮೀನು ಗುತ್ತಿಗೆ ಆಗಿರುತ್ತದೆ, ಹಿಡಿಯುವವರನ್ನು ಕೇಳಿಯೇ ಗಾಳ ಹಾಕಿ.

ಇಲ್ಲಿಯ ತನಕ ಐದಕ್ಕೆ ಐದು ಕೊಡುತ್ತಿದ್ದೆ. ಕೋರ್ಸಿನ ಜೊತೆಗೆ ಅವರೇ ಮಾರುವ ಲೈನ್ ಇದೆಯಲ್ಲ, ಅದು ನನಗೆ ಬಹಳ ಸಿಟ್ಟು ತರಿಸಿತು. 3,200 ರೂಪಾಯಿ. ಎಲ್ಲ ಕಡೆಗೂ, ಎಲ್ಲ ಕಾಲಕ್ಕೂ ಆಗುತ್ತದೆ ಅಂದರು. ಮಾಗಿಯಲ್ಲಿ ಚೆನ್ನಾಗಿಯೇ ಇತ್ತು. ಶಿವರಾತ್ರಿ ಕಳೆದ ಮೇಲೆ ಬಣ್ಣ ಬಯಲಾಯಿತು. ಹರಿಹರದಲ್ಲಿ ತುಂಗಭದ್ರೆಯ ಬಂಡೆಗಳ ಮೇಲೆ ನಿಂತು ಬೀಸಿದರೆ ಲೈನ್ ಮುಂದಕ್ಕೇ ಹೋಗುವುದಿಲ್ಲ. ಮುಟ್ಟಿದರೆ ಮೆತ್ತಗೆ, ಬೆರಳಿಗೆ ಅಂಟು ಅಂಟು. ರಾಡಿನ ಬಳೆಗಳಲ್ಲಿ ಹಿಡಿದುಕೊಳ್ಳುತ್ತದೆ. ಕಾರಣ ಸರಳ. ಲೈನಿನ ಹೊರಗಿನ ಪದರ ಪ್ಲಾಸ್ಟಿಕ್. ಚಳಿ ನೀರಿಗೆ ಮಾಡಿದ ಲೈನಿನಲ್ಲಿ ಆ ಪದರ ಮೆದುವಾಗಿರುತ್ತದೆ, ಇಲ್ಲದಿದ್ದರೆ ತಂಪಿಗೆ ಸುರುಳಿ ಸುತ್ತಿಕೊಂಡುಬಿಡುತ್ತದೆ. ಅದೇ ಲೈನ್ ನಮ್ಮ ಬಿಸಿಲಿಗೆ ಬಂದರೆ ಇನ್ನೂ ಮೆತ್ತಗಾಗಿ ಜೋತು ಬೀಳುತ್ತದೆ. ಬಿಸಿ ಸೀಮೆಗೆ ಟ್ರಾಪಿಕಲ್ ಲೈನ್ ಅಂತಲೇ ಬೇರೆ ಬರುತ್ತದೆ, ಅದರ ಒಳಗಿನ ಎಳೆ, ಹೊರಗಿನ ಪದರ ಎರಡೂ ಗಡುಸು. ದಾವಣಗೆರೆಯ ವಿಳಾಸ ನೋಡಿಯೂ ಚಳಿಯ ಲೈನ್ ಕಳಿಸಿದ್ದು ಸರಿಯಲ್ಲ. ಪತ್ರ ಬರೆದೆ. ಬಳಸಿದ ಮಾಲು ವಾಪಸ್ ಇಲ್ಲ ಅಂತ ಉತ್ತರ ಬಂತು. ನನಗೆ 3,200 ಸಣ್ಣ ದುಡ್ಡಲ್ಲ. ಕೈ ಸರಿಯಾಗಿ ಬೀಸುತ್ತಿದ್ದರೂ ಲೈನಿನ ದೆಸೆಯಿಂದ ಹೊಸಬರು ತಮ್ಮ ಕೈಯನ್ನೇ ಬೈದುಕೊಂಡು ಕಲಿಕೆ ಬಿಡುತ್ತಾರೆ. ನನಗೆ ಜಾಸ್ತಿ ನೋವಾಗುವುದು ಇದಕ್ಕೆ.

ಕೋರ್ಸಿನಲ್ಲೂ ಒಂದು ಕೊರತೆ ಇದೆ. ವಿಡಿಯೊಗಳೆಲ್ಲ ಹಿಂದೆ ಮುಂದೆ ಬಯಲಿರುವ ಹುಲ್ಲುಹಾಸಿನಲ್ಲಿ ತೆಗೆದವು. ನಮ್ಮ ದಡಗಳು ಹಾಗಿಲ್ಲ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ತುಂಬಿತು. ನಾವು ಮಾರಿಕಣಿವೆ ಅನ್ನುವುದು ಇದನ್ನೇ. ನೀರು ಏರಿದಾಗ ಹಿನ್ನೀರಿನ ದಡ ಜಾಲಿ ಗಿಡಗಳ ಒಳಗೇ ಹೋಗಿ ಕೂತಿರುತ್ತದೆ. ಅಲ್ಲಿ ಸೊಂಟದ ಎತ್ತರಕ್ಕೆ ಹಿಂದಕ್ಕೆ ಬೀಸಿದರೆ ಫ್ಲೈ ಮುಳ್ಳಿಗೆ. ಅಂಥ ಕಡೆ ಹಳೆಯ ನೆಟ್ಟಗಿನ ಕಾಸ್ಟೇ ಬೇಕು, ಇಲ್ಲವೇ ನೀರಿನ ಮೇಲೇ ದಾರ ಎಳೆದು ಎಸೆಯುವ ರೋಲ್ ಕಾಸ್ಟ್. ಇನ್ನೊಂದು, ಬೆಲ್ಜಿಯನ್ ಕಾಸ್ಟ್‌ನಲ್ಲಿ ದಾರದ ಲೂಪ್, ಅಂದರೆ ಗಾಳಿಯಲ್ಲಿ ಬಿಚ್ಚಿಕೊಳ್ಳುವಾಗ ಅದು ಬಾಗುವ ಸುತ್ತು, ಅಗಲವಾಗಿ ತೆರೆದುಕೊಳ್ಳುತ್ತದೆ. ಭಾರದ ಫ್ಲೈಗೆ ಅದು ಒಳ್ಳೆಯದೇ. ಆದರೆ ಬಂಡೆ ಸಂದಿಗೆ ಗುರಿಯಿಟ್ಟು ಇಳಿಸಬೇಕಾದರೆ ಬಿಗಿಯಾದ ಲೂಪಿನಷ್ಟು ಖಚಿತ ಅಲ್ಲ. ಈ ಮಾತನ್ನು ಪಾಠದಲ್ಲೇ ಹೇಳಬೇಕಿತ್ತು.

ಆದರೂ ಹೇಳಿಕೊಟ್ಟವರ ಬಗ್ಗೆ ನನಗೆ ಪ್ರೀತಿಯೇ ಇದೆ. ಗಾಳಿಯಲ್ಲಿ ತೆಗೆದ, ಅಲುಗಾಡುವ ನನ್ನ ವಿಡಿಯೊಗಳನ್ನು ತಾಳ್ಮೆಯಿಂದ ನೋಡಿ, ಮೊಣಕೈ ಎಲ್ಲಿ ಏಳುತ್ತಿದೆ, ಬಲ ಎಲ್ಲಿ ಮುಂಚೆಯೇ ಬೀಳುತ್ತಿದೆ ಅಂತ ಪ್ರತಿ ಸಲವೂ ಒಂದೇ ಒಂದು ತಿದ್ದುಪಡಿ ಹೇಳುತ್ತಿದ್ದರು. ಒಂದಕ್ಕಿಂತ ಜಾಸ್ತಿ ಹೇಳದೇ ಇದ್ದದ್ದೇ ಅವರ ದೊಡ್ಡ ಗುಣ. ಅದಕ್ಕೆ ಕೋರ್ಸಿಗೆ ಐದಕ್ಕೆ ನಾಲ್ಕು, ಲೈನಿಗೆ ಒಂದು.

ಕೊಳ್ಳುವವರು ಕೋರ್ಸ್ ಮಾತ್ರ ಕೊಳ್ಳಿ. ಲೈನನ್ನು ಡಬ್ಬಿಯ ಮೇಲೆ ಟ್ರಾಪಿಕಲ್ ಅಂತ ಬರೆದಿದ್ದರೆ ಮಾತ್ರ ಬೇರೆ ಕಡೆ ತಗೊಳ್ಳಿ. ನಾನು ಈಗ ಬಳಸುವುದು ಅದೇ. ಮನೆಗೆ ಬಂದ ಮೇಲೆ ಬಕೆಟ್ಟಿನ ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಸೋಪು ಹಾಕಿ, ಹಳೆ ಪಂಚೆಯ ತುಂಡಿನಲ್ಲಿ ಲೈನ್ ಹಿಡಿದು ಮೆಲ್ಲಗೆ ಎಳೆದರೆ ಕರ್ರಗಿನ ದೂಳು ಬಿಡುತ್ತದೆ. ಬೇರೆ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ದೊಡ್ಡ ಕೊಡಕ್ಕೆ ಸಡಿಲವಾಗಿ ಸುತ್ತಿ ಇಡುತ್ತೇನೆ. ಸಣ್ಣ ರೀಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಸುರುಳಿ ನಿಂತುಬಿಡುತ್ತದೆ. ಡಿಸೆಂಬರಿನ ಬೆಳಗ್ಗೆ ಟ್ರಾಪಿಕಲ್ ಲೈನ್ ಸ್ವಲ್ಪ ಹಟ ಮಾಡುತ್ತದೆ, ಬೀಸುವ ಮೊದಲು ಎರಡೂ ಕೈಯಲ್ಲಿ ಹಿಡಿದು ಎಳೆದರೆ ನೆಟ್ಟಗಾಗುತ್ತದೆ.

ಎಡಗೈಯಲ್ಲಿ ದಾರ ಎಳೆದು ವೇಗ ಹೆಚ್ಚಿಸುವ ಡಬಲ್ ಹಾಲ್ ಪಾಠಕ್ಕೆ ಬೇರೆ 1,500 ಕೇಳುತ್ತಾರೆ. ನಾನು ತಗೊಂಡಿಲ್ಲ. ದೂರ ಎಸೆಯುವ ಆಸೆ ಇದ್ದವರು ತಗೊಳ್ಳಲಿ. ನಾನು ಹಿಡಿಯುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದು ಗೂಡು ತೋಡುವುದೇ ದಡದ ಆಳವಿಲ್ಲದ ನೀರಿನಲ್ಲಿ, 40 ಅಡಿ ಎಸೆದರೆ ಸಾಕು.