ಖಾಲಿ ಸ್ಟೇಡಿಯಂನ ಸೀಸನ್‌ಗೆ ಕೊಂಡ ಆಂಟೆನಾ: ಇಷ್ಟು ವರ್ಷ ಬಳಸಿದ ಮೇಲೆ

ಅಮೆರಿಕದಲ್ಲಿ ಕಾಲೇಜ್ ಫುಟ್‌ಬಾಲ್ (ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಹುಚ್ಚು ಹತ್ತಿಸಿಕೊಂಡ ನಮ್ಮವರು ಯಾರಾದರೂ "ಕೇಬಲ್ ಹಾಕಿಸ್ಲಾ, ಸ್ಟ್ರೀಮಿಂಗ್ ತಗೊಳ್ಲಾ?" ಎಂದು ಕೇಳಿದರೆ, ನಾನು ಹೇಳುವುದು ಒಂದೇ: ಮೊದಲು ಒಂದು ಆಂಟೆನಾ ತಗೊಳ್ಳಿ. ಮನೆಯೊಳಗೆ ಅಂಟಿಸುವ, ತೆಳು ಹಾಳೆಯಂಥದ್ದು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಜೊತೆಗೆ ಒಂದು ಉದ್ದ ವೈರು, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಆಂಪ್ಲಿಫೈಯರ್. 2020ರ ಅಕ್ಟೋಬರ್‌ನಲ್ಲಿ ನನಗೆ ಮೂವತ್ತು ಡಾಲರ್ ಒಳಗೇ ಬಂತು. ಇವತ್ತಿಗೂ ಅದೇ ಕಿಟಕಿಯಲ್ಲಿದೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಜಾತಿಯ ಆಂಟೆನಾಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಆಮೇಲೆ, ನನ್ನದರ ಬಗ್ಗೆ ಒಂದು ದೂರೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ಓದಿದ್ದು ಕೊಲಂಬಸ್ ಊರಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಕೆಲಸ ಸಿಕ್ಕಿದ್ದೂ ಕೊಲಂಬಸ್‌ನಲ್ಲೇ. ಈ ಊರಿನ ಶನಿವಾರ ಹೇಗಿರುತ್ತದೆ ಎಂದು ನೋಡದವರಿಗೆ ಹೇಳುವುದು ಕಷ್ಟ. ಬೆಳಿಗ್ಗೆಯಿಂದಲೇ ಲೇನ್ ಅವೆನ್ಯೂ ತುಂಬ ಕೆಂಪು ಅಂಗಿಗಳು. ದಿನಸಿ ಅಂಗಡಿಯಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು "ಓ-ಹೆಚ್!" ಎಂದು ಕೂಗಿದರೆ ನೀವು "ಐ-ಓ!" ಎನ್ನಲೇಬೇಕು. ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಸೀಟು. ಅಷ್ಟು ಜನ ಒಟ್ಟಿಗೆ ಎದ್ದು ನಿಂತಾಗ ಕಾಂಕ್ರೀಟ್ ಅಲುಗಾಡುವುದು ಕಾಲಿಗೆ ಗೊತ್ತಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಇದೆಲ್ಲ ನಿಂತಿತು. ಆಗಸ್ಟ್ 11ರಂದು ಬಿಗ್ ಟೆನ್, ಅಂದರೆ ನಮ್ಮ ತಂಡ ಆಡುವ ವಿಶ್ವವಿದ್ಯಾಲಯಗಳ ಲೀಗ್, ಸೀಸನ್ನನ್ನೇ ಮುಂದೂಡಿತು. ನಮ್ಮ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಜಸ್ಟಿನ್ ಫೀಲ್ಡ್ಸ್ "ನಮಗೆ ಆಡಬೇಕು" ಎಂದು ಆನ್‌ಲೈನ್ ಮನವಿ ಹಾಕಿದ. ಲಕ್ಷಗಟ್ಟಲೆ ಜನ ಸಹಿ ಹಾಕಿದರು, ನಾನೂ ಹಾಕಿದೆ. ಸೆಪ್ಟೆಂಬರ್ 16ರಂದು ತೀರ್ಮಾನ ಬದಲಾಯಿತು. ಆಟಗಾರರಿಗೆ ದಿನಾ ಪರೀಕ್ಷೆ, ಪಾಸಿಟಿವ್ ಬಂದರೆ 21 ದಿನ ಪಂದ್ಯವಿಲ್ಲ, ಹೃದಯದ ತಪಾಸಣೆ ಕಡ್ಡಾಯ. ಸ್ಟೇಡಿಯಂಗೆ ಟಿಕೆಟ್ ಇಲ್ಲ. ಆಟಗಾರರ ಮನೆಯವರನ್ನು ಬಿಟ್ಟರೆ ಹೊರಗಿನವರು ಯಾರೂ ಒಳಗೆ ಹೋಗುವಂತಿಲ್ಲ.

ಬಾರ್‌ನಲ್ಲಿ ನೋಡೋಣ ಎಂದರೆ ಅದೂ ಆಗದು. ಒಹಾಯೊದಲ್ಲಿ ಆಗ ರಾತ್ರಿ ಹತ್ತಕ್ಕೆ ಮದ್ಯ ಮಾರಾಟ ಬಂದ್. ಏಳೂವರೆಗೆ ಶುರುವಾಗುವ ಪಂದ್ಯ ಮುಗಿಯುವ ಹೊತ್ತಿಗೆ ಹನ್ನೊಂದು. ಅದಿರಲಿ, ನನ್ನ ಹೆಂಡತಿ ಆಗ ಬಸುರಿ. ನಾವು ಎಲ್ಲಿಗೂ ಹೋಗುತ್ತಿರಲಿಲ್ಲ.

ನಮ್ಮದು ಒಂದು ಗುಂಪಿದೆ. ಒಟ್ಟಿಗೆ ಓದಿದವರು, ಎಲ್ಲರೂ ಕರ್ನಾಟಕದವರು. ಒಂದು ಜೋಡಿ ಡಬ್ಲಿನ್‌ನಲ್ಲಿ, ಅಂದರೆ ಐರ್ಲೆಂಡ್ ಅಲ್ಲ, ಕೊಲಂಬಸ್ ಪಕ್ಕದ ಡಬ್ಲಿನ್. ಒಬ್ಬ ಕ್ಲೀವ್‌ಲ್ಯಾಂಡ್‌ನಲ್ಲಿ. ಇನ್ನೊಬ್ಬ ಆ ಫೆಬ್ರವರಿಯಲ್ಲಿ ಅಪ್ಪನ ಆಪರೇಷನ್‌ಗೆಂದು ಮೈಸೂರಿಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡ. ವಿಮಾನ ನಿಂತಿತು, ವೀಸಾ ಸ್ಟ್ಯಾಂಪಿಂಗ್ ನಿಂತಿತು. ಅವನ ಕಾರು ಇಲ್ಲಿ ನಮ್ಮ ಅಪಾರ್ಟ್‌ಮೆಂಟ್ ಮುಂದೆ ಎಲೆ ಉದುರಿಸಿಕೊಂಡು ನಿಂತಿತ್ತು. ವಾಟ್ಸಾಪ್ ಕಾಲ್ ಹಾಕಿಕೊಂಡು ಎಲ್ಲರೂ ಒಟ್ಟಿಗೆ ನೋಡೋಣ ಎಂದು ಮಾತಾಯಿತು.

ಸ್ಟ್ರೀಮಿಂಗ್‌ನ ತೊಂದರೆ ಗೊತ್ತಾಗುವುದೇ ಇಲ್ಲಿ. ಒಬ್ಬರೇ ಕೂತು ನೋಡುವಾಗ ಚಿತ್ರ ಅರ್ಧ ನಿಮಿಷ ತಡವಾದರೆ ಏನೂ ಅನಿಸುವುದಿಲ್ಲ. ಕಾಲ್‌ನಲ್ಲಿ ನಾಲ್ಕು ಮನೆ ಇದ್ದರೆ ಅರ್ಧ ನಿಮಿಷ ಅಂದರೆ ಒಂದಿಡೀ ಪ್ಲೇ, ಅಂದರೆ ಚೆಂಡು ಕೈಗೆ ಬಂದಲ್ಲಿಂದ ನಿಲ್ಲುವ ತನಕದ ಒಂದು ಸರದಿ. ಸೀಸನ್‌ಗೆ ಮೊದಲು ಬೇರೆ ಯಾವುದೋ ಪಂದ್ಯ ಹಾಕಿ ನೋಡಿದೆವು. ನನ್ನ ಪರದೆಯಲ್ಲಿ ಆಟಗಾರರು ಇನ್ನೂ ಸಾಲಾಗಿ ನಿಲ್ಲುತ್ತಿದ್ದಾರೆ, ಫೋನಿನಲ್ಲಿ ಡಬ್ಲಿನ್‌ನಿಂದ "ಅಯ್ಯಯ್ಯೋ!" ಕೇಳಿತು. ಚೆಂಡು ಕೈತಪ್ಪುತ್ತದೆ ಎಂದು ಗೊತ್ತಾಗಿಬಿಟ್ಟ ಮೇಲೆ ನೋಡುವುದು ಏನು? ಕ್ಲೀವ್‌ಲ್ಯಾಂಡ್‌ನವನದು ನನಗಿಂತಲೂ ಹಿಂದೆ. ಅವನು ಸುಮ್ನೆ ಫೋನ್ ಮ್ಯೂಟ್ ಮಾಡಿಕೊಂಡು ಕೂತ. ಹಾಗಾದರೆ ಒಟ್ಟಿಗೆ ನೋಡಿದ್ದು ಎಲ್ಲಿ ಬಂತು?

ಆಗಲೇ ಆಂಟೆನಾ ಯೋಚನೆ ಬಂದದ್ದು. ಅಮೆರಿಕದಲ್ಲಿ 2009ರ ಜೂನ್‌ನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಂತು ಡಿಜಿಟಲ್ ಆಯಿತು. ಫಾಕ್ಸ್, ಎಬಿಸಿ, ಎನ್‌ಬಿಸಿ, ಸಿಬಿಎಸ್, ಪಿಬಿಎಸ್ ಚಾನೆಲ್‌ಗಳೆಲ್ಲವೂ ಗಾಳಿಯಲ್ಲಿ ಹೆಚ್‌ಡಿಯಲ್ಲೇ ಬರುತ್ತವೆ, ಪುಕ್ಕಟೆ. ತಿಂಗಳ ಬಾಡಿಗೆ ಇಲ್ಲ, ಲಾಗಿನ್ ಇಲ್ಲ. ಸಿಗ್ನಲ್ ಟವರ್‌ನಿಂದ ನೇರ ನಿಮ್ಮ ಟಿವಿಗೆ. ಇಂಟರ್ನೆಟ್‌ನಲ್ಲಿ ತುಂಡು ತುಂಡಾಗಿ ಬಂದು ಜೋಡಿಸಿಕೊಳ್ಳುವ ಕಾಯುವಿಕೆ ಇಲ್ಲ. ಅಮೆರಿಕದಲ್ಲಿದ್ದ ಮೂರು ಮನೆಯವರೂ ಒಂದೊಂದು ತರಿಸಿಕೊಂಡೆವು.

ಹಾಕುವುದು ಸುಲಭ. ವೈರನ್ನು ಟಿವಿ ಹಿಂದಿನ ದುಂಡು ತೂತಿಗೆ ತಿರುಗಿಸಿ ಬಿಗಿ ಮಾಡಿ, ಮೆನುವಿನಲ್ಲಿ ಚಾನೆಲ್ ಸ್ಕ್ಯಾನ್ ಒತ್ತಿದರೆ ಮುಗಿಯಿತು. ಜಾಗ ಹುಡುಕುವುದೇ ಕೆಲಸ. ಡಬ್ಬದ ಮೇಲಿನ ಚಿತ್ರದಲ್ಲಿ ಟಿವಿಯ ಹಿಂದೆ ಅಂಟಿಸಿರುತ್ತಾರೆ. ನಮ್ಮ ಮನೆಯಲ್ಲಿ ಅಲ್ಲಿ ಫಾಕ್ಸ್ ಚೌಕ ಚೌಕವಾಗಿ ಒಡೆಯುತ್ತಿತ್ತು. ಕಿಟಕಿಗೆ ತಂದ ಮೇಲೆ ನಿಂತಿತು. ಆಗ ನಡೆದದ್ದು ಥೇಟ್ ನಮ್ಮೂರಿನ ದೂರದರ್ಶನದ ಕಾಲ: ನಾನು ಕಿಟಕಿ ಹತ್ತಿರ ಹಾಳೆ ಹಿಡಿದುಕೊಂಡು "ಬಂತಾ?", ಹೆಂಡತಿ ಸೋಫಾದಿಂದ "ಬಂತು ಬಂತು... ಹೋಯ್ತು. ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ ಬಿಡಿ." ಚಿತ್ರ ನಿಂತಾಗ ಅದರ ಸ್ಪಷ್ಟತೆ ನೋಡಿ ಇಬ್ಬರಿಗೂ ಆಶ್ಚರ್ಯವಾಯಿತು. ಫಾಕ್ಸ್, ಎಬಿಸಿ ಎರಡೂ 720ಪಿ (ಪೂರ್ತಿ ಹೆಚ್‌ಡಿಗಿಂತ ಒಂದು ಮೆಟ್ಟಿಲು ಕಡಿಮೆ) ಅಷ್ಟೇ, ಆದರೆ ಓಡುವಾಗ ಚಿತ್ರ ಕಲಸುವುದಿಲ್ಲ. ಹುಲ್ಲಿನ ಮೇಲಿನ ಗೆರೆ, ಹೆಲ್ಮೆಟ್ ಮೇಲಿನ ಬಕೈ (ನಮ್ಮ ತಂಡಕ್ಕೆ ಹೆಸರು ಕೊಟ್ಟ ಮರ) ಎಲೆಯ ಸ್ಟಿಕ್ಕರ್ ಎಲ್ಲ ಬೇರೆ ಬೇರೆಯಾಗಿ ಕಾಣುತ್ತದೆ.

ಅಕ್ಟೋಬರ್ 24, ನೆಬ್ರಾಸ್ಕಾ ವಿರುದ್ಧ ಮೊದಲ ಪಂದ್ಯ, ಫಾಕ್ಸ್‌ನಲ್ಲಿ. 52-17ರಿಂದ ಗೆದ್ದೆವು. ಫೀಲ್ಡ್ಸ್ ಎಸೆದದ್ದು ಮೂರು ಮನೆಯಲ್ಲೂ ಒಂದೇ ಹೊತ್ತಿಗೆ ಕಂಡಿತು. ಮೂರೂ ಕಡೆಯಿಂದ ಒಂದೇ ಸಲ ಕೂಗು. ಅದು ಫೋನಿನ ಸ್ಪೀಕರ್ ಒಡೆಯುವಂತೆ ಕೇಳಿತು. ಹೆಂಡತಿ ಬೇಕೆಂದೇ ಸ್ಪೀಕರ್ ಇನ್ನೂ ಜೋರು ಮಾಡಿದಳು. ಏಳು ತಿಂಗಳಿಂದ ಯಾರೊಬ್ಬರನ್ನೂ ಮನೆಯೊಳಗೆ ಕರೆದಿರಲಿಲ್ಲ ನಾವು.

ಮೈಸೂರಿನವನಿಗೆ ಆಂಟೆನಾದಿಂದ ಏನೂ ಉಪಯೋಗ ಇಲ್ಲ ಅಂದುಕೊಂಡಿದ್ದೆವು. ಅವನಿಗೆ ಪಂದ್ಯ ನೋಡಲು ನೆಟ್ಟಗೆ ದಾರಿ ಇರಲಿಲ್ಲ. ಪೆನ್ ಸ್ಟೇಟ್ ಪಂದ್ಯ ಅಕ್ಟೋಬರ್ 31ರ ಸಂಜೆ ಏಳೂವರೆಗೆ, ಎಬಿಸಿಯಲ್ಲಿ. ಅವನಿಗೆ ಅದು ನವೆಂಬರ್ 1ರ ಬೆಳಗಿನ ಜಾವ ಐದು ಗಂಟೆ, ರಾಜ್ಯೋತ್ಸವದ ದಿನ. "ಮಗಾ, ನೀನೇ ಹೇಳ್ತಾ ಹೋಗು, ಆಕಾಶವಾಣಿ ಥರ" ಎಂದ. ಸರಿ, ನಾನು ಶುರು ಮಾಡಿದೆ. ಒಹಾಯೊ ಸ್ಟೇಟ್‌ನ ಮೊದಲ ಪ್ಲೇನಲ್ಲೇ ನಮ್ಮ ಗ್ಯಾರೆಟ್ ವಿಲ್ಸನ್ ಚೆಂಡು ಇಸಕೊಂಡು ಅಂಚಿಗೆ ತಿರುಗಿದ. "ವಿಲ್ಸನ್ ಕೈಗೆ ಬಂತು, ಪಕ್ಕಕ್ಕೆ ಓಡ್ತಿದಾನೆ, ತಿರುಗಿದ, ಮುಂದೆ ಯಾರೂ ಇಲ್ಲ ಗುರೂ, ಹೋದ, ಹೋದ, ಇನ್ನೂ ಹೋಗ್ತಿದಾನೆ..." 62 ಗಜ. ಮೈಸೂರಿನಿಂದ ಕಿರುಚಾಟ. ಹಿಂದೆ ಅವನ ಅಮ್ಮನ ದನಿ, "ಬೆಳ್ಳಂಬೆಳಗ್ಗೆ ಯಾರ ಹತ್ರ ಕೂಗಾಡ್ತಿದೀಯೋ? ಅಪ್ಪ ಮಲಗಿದಾರೆ!"

ಬೇರೆ ವರ್ಷವಾದರೆ ಪೆನ್ ಸ್ಟೇಟ್‌ನ ಬೀವರ್ ಸ್ಟೇಡಿಯಂನಲ್ಲಿ ಲಕ್ಷಕ್ಕೂ ಮೀರಿ ಜನ ಬಿಳಿ ಬಟ್ಟೆ ಹಾಕಿಕೊಂಡು ಕೂಗುತ್ತಾರೆ. ಎದುರಾಳಿಗಳಿಗೆ ತಮ್ಮವರ ಮಾತೇ ಕೇಳಿಸುವುದಿಲ್ಲ. ಆ ರಾತ್ರಿ ಖಾಲಿ ಬೆಂಚುಗಳು. ಟಿವಿಯವರು ರೆಕಾರ್ಡ್ ಮಾಡಿದ ಗದ್ದಲ ಸೇರಿಸುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. ನಾನು ಟಿವಿಯ ದನಿ ತಗ್ಗಿಸಿ ನನ್ನ ಕನ್ನಡ ಕಾಮೆಂಟರಿ ಮುಂದುವರಿಸಿದೆ. 38-25ರಿಂದ ಗೆದ್ದೆವು, ಫೀಲ್ಡ್ಸ್‌ನಿಂದ ನಾಲ್ಕು ಟಚ್‌ಡೌನ್ ಪಾಸ್ (ಚೆಂಡು ಕೊನೆಯ ಗೆರೆ ದಾಟಿ ಅಂಕ ತರುವ ಎಸೆತ). ಪಂದ್ಯ ಮುಗಿದಾಗ ಮೈಸೂರಿನಲ್ಲಿ ಪೂರ್ತಿ ಬೆಳಕಾಗಿತ್ತು. ಅವನು ಫೋನ್ ಕಿಟಕಿಗೆ ಹಿಡಿದು ಎದುರು ಮನೆಯವರು ಬಾಗಿಲಿಗೆ ಕಟ್ಟಿದ್ದ ಕೆಂಪು-ಹಳದಿ ಬಾವುಟ ತೋರಿಸಿದ.

ಈಗ ಕೊರತೆಗಳು. ಆಂಟೆನಾದಲ್ಲಿ ಎಲ್ಲ ಪಂದ್ಯ ಸಿಗುವುದಿಲ್ಲ. ಆ ಸೀಸನ್‌ನಲ್ಲಿ ನಾವು ಆಡಿದ್ದೇ ಎಂಟು ಪಂದ್ಯ. ಅದರಲ್ಲಿ ಐದು ಫಾಕ್ಸ್ ಮತ್ತು ಎಬಿಸಿಯಲ್ಲಿ ಬಂದವು. ರಟ್‌ಗರ್ಸ್ ಪಂದ್ಯ ಬಿಗ್ ಟೆನ್ ನೆಟ್‌ವರ್ಕ್‌ನಲ್ಲಿ, ಕೊನೆಯ ಎರಡು ಇಎಸ್‌ಪಿಎನ್‌ನಲ್ಲಿ. ಇವು ಕೇಬಲ್ ಚಾನೆಲ್‌ಗಳು, ಎಂಥ ಆಂಟೆನಾ ಹಾಕಿದರೂ ಬರುವುದಿಲ್ಲ. ಜನವರಿ 1ರ ಶುಗರ್ ಬೌಲ್‌ಗೆ, ಅಂದರೆ ರಾಷ್ಟ್ರೀಯ ಸೆಮಿಫೈನಲ್‌ಗೆ, ನಾವೆಲ್ಲ ಒಂದು ತಿಂಗಳ ಸ್ಟ್ರೀಮಿಂಗ್ ತಗೊಂಡೆವು. ತಡವನ್ನು ಸರಿಮಾಡಲು ಒಂದು ಉಪಾಯ ಮಾಡಿದೆವು: ಆಟದ ಗಡಿಯಾರ ಒಂದು ನಿರ್ದಿಷ್ಟ ಸೆಕೆಂಡಿಗೆ ಬಂದಾಗ ಎಲ್ಲರೂ ಚಿತ್ರ ನಿಲ್ಲಿಸುವ ಗುಂಡಿ ಒತ್ತಿ, ಎಲ್ಲರಿಗಿಂತ ಹಿಂದಿರುವವರು ಬಂದು ಸೇರುವ ತನಕ ಕಾದು, ಒಟ್ಟಿಗೆ ಬಿಡುವುದು. ಕೆಲಸ ಮಾಡುತ್ತದೆ, ಆದರೆ ಜಾಹೀರಾತು ಬಂದು ಹೋದ ಮೇಲೆ ಕೆಲವೊಮ್ಮೆ ಮತ್ತೆ ತಪ್ಪುತ್ತದೆ. ಫೀಲ್ಡ್ಸ್ ಪಕ್ಕೆಲುಬಿಗೆ ಪೆಟ್ಟು ಬಿದ್ದು ನೆಲದಲ್ಲಿ ಮುದುಡಿಕೊಂಡಿದ್ದನ್ನು ನಾನು ನೋಡುವಷ್ಟರಲ್ಲಿ ಡಬ್ಲಿನ್‌ನವರು ಆಗಲೇ "ಎದ್ದ, ಎದ್ದ" ಎನ್ನುತ್ತಿದ್ದರು. ಅವನು ವಾಪಸ್ ಬಂದು ಒಟ್ಟು ಆರು ಟಚ್‌ಡೌನ್ ಪಾಸ್ ಎಸೆದ. ಕ್ಲೆಮ್ಸನ್ ವಿರುದ್ಧ 49-28. ನನ್ನ ಮಟ್ಟಿಗೆ ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಆಡಿದ ಅತಿ ಧೈರ್ಯದ ಆಟ ಅದು. ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾ ಎದುರು 52-24ರಿಂದ ಸೋತೆವು. ಅವರು ನಮಗಿಂತ ಚೆನ್ನಾಗಿದ್ದರು.

ಹವಾಮಾನ ಮತ್ತು ಓಡಾಟ ಎರಡೂ ಈ ಆಂಟೆನಾಕ್ಕೆ ಆಗುವುದಿಲ್ಲ. ಯಾರಾದರೂ ಕಿಟಕಿ ಮುಂದೆ ಹಾದುಹೋದರೆ ಚಿತ್ರ ಒಂದು ಕ್ಷಣ ಒಡೆಯುತ್ತದೆ. ನವೆಂಬರ್ 21ರ ಇಂಡಿಯಾನಾ ಪಂದ್ಯ ನೆನಪಿದೆಯಾ? ಅರ್ಧದ ಹೊತ್ತಿಗೆ ನಾವು 28-7ರಿಂದ ಮುಂದೆ, ಕೊನೆಗೆ ಗೆದ್ದದ್ದು 42-35ರಿಂದ. ಅವರ ಮೈಕಲ್ ಪೆನಿಕ್ಸ್‌ನ ಎಸೆತಗಳಿಂದ ಒಟ್ಟು 491 ಗಜ ಬಂತು. ಆ ಎರಡನೇ ಅರ್ಧ ಪೂರ್ತಿ ನಮ್ಮ ಮನೆಯಲ್ಲಿ ಕಿಟಕಿ ಕಡೆ ಹೋಗುವುದು ನಿಷೇಧ. ಹೆಂಡತಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಸೋಫಾದ ಹಿಂದಿನಿಂದ ಸುತ್ತಿ ಬರುತ್ತಿದ್ದಳು.

ಡಿಸೆಂಬರ್ ಬಂದರೆ ಗಾಜು ಒಳಗಡೆ ಬೆವರುತ್ತದೆ, ಜೊತೆಗೆ ಕೊಟ್ಟ ಅಂಟು ಪಟ್ಟಿ ಬಿಡುತ್ತದೆ. ಅದನ್ನು ಎಸೆದು, ಗಾಜಿಗೆ ಹಿಡಿಯುವ ರಬ್ಬರ್ ಕೊಕ್ಕೆ ಎರಡು ತಂದು ನೇತುಹಾಕಿ. ದೂರು ಅಂದೆನಲ್ಲ, ಅದು ಆಂಪ್ಲಿಫೈಯರ್‌ದು. ವಾರಂಟಿ ಇದ್ದಾಗಲೇ ಸತ್ತುಹೋಯಿತು. ಕಂಪನಿಯವರಿಗೆ ಬರೆದರೆ ಫೋಟೋ ಕಳಿಸಿ, ಬಿಲ್ ಕಳಿಸಿ, ಇನ್ನೊಮ್ಮೆ ಕಳಿಸಿ ಎಂದು ಎಳೆದಾಡಿ ಕೊನೆಗೆ ಉತ್ತರವೇ ನಿಲ್ಲಿಸಿದರು. ತೆಗೆದುಹಾಕಿ ನೋಡಿದರೆ ನಮ್ಮ ಮನೆಯಲ್ಲಿ ಅದಿಲ್ಲದೆಯೂ ಚಾನೆಲ್‌ಗಳೆಲ್ಲ ಬಂದವು. ಟವರ್ ಹತ್ತಿರವಿದ್ದರೆ ಅದು ಬೇಡವೇ ಬೇಡ, ಸಿಗ್ನಲ್ ಜಾಸ್ತಿಯಾದರೂ ಟಿವಿಗೆ ಕಷ್ಟ.

ಯಾವ ಆಂಟೆನಾವೂ ತರಲಾಗದ ಪಂದ್ಯವೂ ಒಂದಿತ್ತು. ಮಿಶಿಗನ್ ವಿರುದ್ಧದ್ದು, ಡಿಸೆಂಬರ್ 12ಕ್ಕೆ. ಅವರ ತಂಡದಲ್ಲಿ ಕೋವಿಡ್ ಹರಡಿ ನಾಲ್ಕು ದಿನ ಮೊದಲು ರದ್ದಾಯಿತು. 1918ರಿಂದ ಒಂದು ವರ್ಷವೂ ತಪ್ಪದೆ ನಡೆದ ಪಂದ್ಯ. ಅದಕ್ಕೂ ಮುಂಚೆ ನಮ್ಮ ತಂಡದಲ್ಲೇ ಸೋಂಕು ಬಂದು ಇಲಿನಾಯ್ ಪಂದ್ಯ ಹೋಗಿತ್ತು. ಕೋಚ್ ರಯಾನ್ ಡೇಗೂ ಪಾಸಿಟಿವ್ ಬಂದು, ಮಿಶಿಗನ್ ಸ್ಟೇಟ್ (ಅದು ಬೇರೆ ವಿಶ್ವವಿದ್ಯಾಲಯ) ಎದುರು ಸಹಾಯಕ ಕೋಚ್ ಲ್ಯಾರಿ ಜಾನ್ಸನ್ ತಂಡ ನಡೆಸಿದರು. ಅಲ್ಲಿಯವರೆಗೆ ಐದೇ ಪಂದ್ಯ ಆಡಿದ್ದ ನಮಗೆ ಬಿಗ್ ಟೆನ್ ಫೈನಲ್ ಕೊಡಲು, ಕನಿಷ್ಠ ಆರು ಪಂದ್ಯ ಆಡಿರಬೇಕೆಂಬ ನಿಯಮ ತೆಗೆದರು. ಬೇರೆ ತಂಡದವರು ಇದಕ್ಕೆ ಇವತ್ತಿಗೂ ಸಿಟ್ಟಾಗುತ್ತಾರೆ. ನಾನು ಅದು ಸರಿ ಅಂತಲೇ ಹೇಳುತ್ತೇನೆ: ಇಲ್ಲದಿದ್ದರೆ ನಮ್ಮ ಬದಲು ಹೋಗಬೇಕಿದ್ದ ಇಂಡಿಯಾನಾವನ್ನು ನಾವು ಮೈದಾನದಲ್ಲಿ ಸೋಲಿಸಿದ್ದೆವು, ಅಲ್ವಾ? ಮಿಶಿಗನ್ ಪಂದ್ಯ ಇರಬೇಕಾಗಿದ್ದ ಶನಿವಾರ ನಾವು ಕಾಲ್ ಹಾಕಿಕೊಂಡು ಸುಮ್ನೆ ಮಾತಾಡಿದೆವು. ಮೈಸೂರಿನವನ ಅಪ್ಪ ಮೊದಲ ಸಲ ಕಾಲ್‌ಗೆ ಬಂದು, "ಏನಪ್ಪಾ, ಇವತ್ತು ಕಾಮೆಂಟರಿ ಇಲ್ವಾ?" ಎಂದರು.

ಈಗ ಕೊಳ್ಳುವವರಿಗೆ: 2023ರಿಂದ ಬಿಗ್ ಟೆನ್ ಪಂದ್ಯಗಳು ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳಿಗೆ ಹಂಚಿಹೋಗಿವೆ. ಮೂರೂ ಆಂಟೆನಾದಲ್ಲಿ ಬರುತ್ತವೆ. ಹಾಗಾಗಿ ಈ ಹಾಳೆಯ ಬೆಲೆ ಆಗಿಗಿಂತ ಈಗ ಜಾಸ್ತಿ ವಸೂಲಾಗುತ್ತದೆ. ಕೆಲವು ಪಂದ್ಯ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಮಾತ್ರ, ಅದಕ್ಕೆ ಬೇರೆ ದುಡ್ಡು. ಎತ್ತರದ ಮಹಡಿ, ಟವರ್ ಕಡೆ ಮುಖ ಮಾಡಿದ ಕಿಟಕಿ ಇದ್ದವರು ಕಣ್ಮುಚ್ಚಿ ತಗೊಳ್ಳಿ. ಬೇಸ್‌ಮೆಂಟ್‌ನಲ್ಲಿದ್ದರೆ ಅಥವಾ ಊರಿಂದ ತುಂಬ ದೂರವಿದ್ದರೆ ಈ ತೆಳು ಹಾಳೆ ಸಾಲದು, ಅಟ್ಟದಲ್ಲೋ ಚಾವಣಿಯ ಮೇಲೋ ಇಡುವ ದೊಡ್ಡದು ಬೇಕು. "ನೂರಾರು ಮೈಲಿ" ಎಂದು ಡಬ್ಬದ ಮೇಲೆ ಬರೆದಿರುವುದನ್ನು ನಂಬಬೇಡಿ. ಮೊದಲು ಆಂಪ್ಲಿಫೈಯರ್ ಇಲ್ಲದೆ ಒಮ್ಮೆ ಸ್ಕ್ಯಾನ್ ಮಾಡಿ, ಬೇಕೆನಿಸಿದರೆ ಮಾತ್ರ ಸಿಕ್ಕಿಸಿ. ಒಂದು ಚಾನೆಲ್ ಇದ್ದಕ್ಕಿದ್ದಂತೆ ಮಾಯವಾದರೆ ಆಂಟೆನಾ ಕೆಟ್ಟಿತು ಅಂದುಕೊಳ್ಳಬೇಡಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿ. ಮತ್ತೆ, ಶನಿವಾರ ಮಧ್ಯಾಹ್ನ ಹನ್ನೆರಡರ ಪಂದ್ಯಕ್ಕೆ ಹನ್ನೊಂದೂವರೆಗೆಲ್ಲ ಕಿಟಕಿ ಮುಂದಿನ ಕುರ್ಚಿ ತೆಗೆದಿಟ್ಟುಬಿಡಿ.