ಒಂದೇ ಪ್ಯಾಂಟು, ಮೂರು ಬಗೆಯ ತೇಪೆ

ನನ್ನ ಹಳೆಯ ಜೀನ್ಸ್ ಪ್ಯಾಂಟಿನ ಎರಡೂ ಮಂಡಿ ಒಂದೇ ತಿಂಗಳಲ್ಲಿ ಬಾಯಿ ಬಿಟ್ಟವು. ತೊಡೆಯ ಒಳಬದಿ ಅದಕ್ಕೂ ಮೊದಲೇ ಸವೆದು ಜಾಳಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಹೇಗೂ ಹರಿದಿದೆ, ಒಂದು ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ಎಡ ಮಂಡಿಗೆ ಇಸ್ತ್ರಿ ಒತ್ತಿ ಅಂಟಿಸುವ ತೇಪೆ, ಬಲ ಮಂಡಿಗೆ ಕೈಯಲ್ಲೇ ರಫು, ಅಂದರೆ ಹರಕನ್ನು ದಾರದಿಂದ ನೇಯ್ದು ಮುಚ್ಚುವುದು, ತೊಡೆಗೆ ಮೆಷಿನ್ ಹೊಲಿಗೆ. ಪ್ಯಾಂಟು ಒಂದೇ, ಒಗೆತ ಒಂದೇ, ಹಾಕಿಕೊಳ್ಳುವ ಆಸಾಮಿಯೂ ಒಬ್ಬನೇ. ತೊಡೆ ಸವೆಯುವ ರೀತಿ ಬೇರೆ, ಮಂಡಿ ಹರಿಯುವ ರೀತಿ ಬೇರೆ, ಅದು ನಿಜ. ಆದರೆ ಎರಡು ಮಂಡಿಗಳ ಪಂದ್ಯ ಮಾತ್ರ ಸರಿಸಮ.

ಮೊದಲು ಮಂಡಿಯ ಹರಕನ್ನು ಹತ್ತಿರದಿಂದ ನೋಡಿ. ನೀಲಿ ಹೋಗಿ, ಅಡ್ಡಡ್ಡ ಬಿಳಿ ಎಳೆಗಳು ಮಾತ್ರ ಏಣಿಯ ಮೆಟ್ಟಿಲಿನ ಹಾಗೆ ಉಳಿದಿರುತ್ತವೆ. ಜೀನ್ಸ್ ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಹಾಸು ನೀಲಿ, ಅಡ್ಡ ಬರುವ ಹೊಕ್ಕು ಬಿಳಿ. ಹೊರಮುಖದಲ್ಲಿ ಹಾಸೇ ಜಾಸ್ತಿ. ಉಜ್ಜಾಟವೆಲ್ಲ ಅದರ ಮೇಲೆ ಬಿದ್ದು ಅದೇ ಮೊದಲು ತುಂಡಾಗುತ್ತದೆ. ಈ ಬಿಳಿ ಎಳೆಗಳನ್ನು ಕತ್ತರಿಸಿ ನೀಟು ಮಾಡಲು ಹೋಗಬೇಡಿ. ರಫು ಮಾಡುವವರಿಗೆ ಅರ್ಧ ಮಗ್ಗ ಅಲ್ಲೇ ಸಿದ್ಧವಾಗಿರುತ್ತದೆ. ಎಡ ಮಂಡಿಯಲ್ಲಿ ನಾನು ಉತ್ಸಾಹದಿಂದ ಕತ್ತರಿಸಿಬಿಟ್ಟಿದ್ದೆ. ಅಲ್ಲಿ ಆಮೇಲೆ ರಫುವಿನ ದಾರಿ ಕಷ್ಟವಾಯಿತು.

ಇಸ್ತ್ರಿ ತೇಪೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಅದರ ಬೆನ್ನಿಗೆ ಬಿಸಿಗೆ ಕರಗುವ ಅಂಟು ಇರುತ್ತದೆ, ಒತ್ತಿದರೆ ಹಿಡಿದುಕೊಳ್ಳುತ್ತದೆ. ನೋಡಲು ಚೆನ್ನಾಗಿಯೇ ಇತ್ತು. ನಾಲ್ಕನೇ ಒಗೆತಕ್ಕೆ ಒಂದು ಮೂಲೆ ಎದ್ದಿತು. ಎಂಟನೆಯದಕ್ಕೆ ಅರ್ಧ ತೇಪೆ ನಾಲಗೆಯ ಹಾಗೆ ಜೋತುಬಿತ್ತು, ಅಂಟಿನ ಮೇಲೆ ಧೂಳು ಕೂತು ಕಪ್ಪಾಯಿತು. ತಪ್ಪು ನನ್ನದೂ ಇತ್ತು. ಎರಡನೇ ಸಲ ಮೂಲೆಗಳನ್ನು ಗುಂಡಗೆ ಕತ್ತರಿಸಿದೆ. ಹಬೆ ನಿಲ್ಲಿಸಿ, ಇಸ್ತ್ರಿಯನ್ನು ಎಳೆದಾಡದೆ ಒಂದೇ ಕಡೆ ಒತ್ತಿ ಹಿಡಿದೆ. ಆಮೇಲೆ ಒಳಗಿನಿಂದಲೂ ಒತ್ತಿ, ಪೂರ್ತಿ ತಣಿಯುವ ತನಕ ಮುಟ್ಟಲಿಲ್ಲ. ಈ ಸಲ ಸುಮಾರು ಎರಡರಷ್ಟು ದಿನ ಬಾಳಿತು. ಸುತ್ತ ಒಂದು ಸಾಲು ಹೊಲಿಗೆಯನ್ನೂ ಹಾಕಿ ನೋಡಿದೆ. ಸೂಜಿಗೆ ಅಂಟು ಮೆತ್ತಿ ಹೆಜ್ಜೆಹೆಜ್ಜೆಗೂ ಒರೆಸಬೇಕಾಯಿತು.

ಕಿತ್ತು ಬರುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅಂಟಿಸಿದ ಜಾಗ ರಟ್ಟಿನ ಹಾಗೆ ಗಡುಸಾಗುತ್ತದೆ. ಕೂತಾಗ ಮಂಡಿ ಮಡಚಲೇಬೇಕು ಅಲ್ವಾ? ರಟ್ಟು ಬಗ್ಗುವುದಿಲ್ಲ. ಹಾಗಾಗಿ ಅದರ ಅಂಚಿನಲ್ಲೇ ಬಟ್ಟೆ ಮತ್ತೆ ಮತ್ತೆ ಮಡಚಿ, ಅಲ್ಲೇ ಹೊಸ ಹರಕು ಶುರುವಾಯಿತು. ತೇಪೆ ಗಟ್ಟಿಯಾಗಿತ್ತು. ಅದರ ಪಕ್ಕದ ಬಟ್ಟೆ ಸೋತಿತು.

ಬಲ ಮಂಡಿಯ ರಫುವಿಗೆ ಎರಡು ಸಂಜೆ ಹಿಡಿಯಿತು. ಹರಕಿನ ಕೆಳಗೆ ಒಂದು ಟೆನಿಸ್ ಚೆಂಡು ಇಟ್ಟುಕೊಂಡೆ, ಬಟ್ಟೆ ಬಿಗಿಯಾಗಿಯೂ ಇರಬಾರದು, ಸಡಿಲವೂ ಆಗಬಾರದು ಅಂತ. ಕಸೂತಿ ದಾರದ ಆರು ಎಳೆಗಳಲ್ಲಿ ಮೂರನ್ನು ಬಿಡಿಸಿ ಸೂಜಿಗೆ ಏರಿಸಿದೆ. ಗಂಟು ಹಾಕುವುದಿಲ್ಲ. ಗಂಟು ಮಂಡಿಗೆ ಒತ್ತುತ್ತದೆ. ಹರಕಿನಾಚೆ ಒಂದು ಸೆಂಟಿಮೀಟರ್ ಗಟ್ಟಿ ಬಟ್ಟೆಯಿಂದಲೇ ಶುರು ಮಾಡಿ ಉದ್ದಕ್ಕೆ ಎಳೆಗಳನ್ನು ಹಾಸಿದೆ. ಆಮೇಲೆ ಅಡ್ಡ, ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ. ಉಳಿದಿದ್ದ ಬಿಳಿ ಎಳೆಗಳನ್ನೂ ಇದರಲ್ಲೇ ಸೇರಿಸಿಕೊಂಡೆ. ನೇಯ್ಗೆಯೇ ಇದು, ಅಂಗೈಯಗಲದ ಮಗ್ಗ.

ಒಂದು ಗುಟ್ಟು ತಡವಾಗಿ ತಿಳಿಯಿತು. ಸಾಲಿನ ಕೊನೆಯಲ್ಲಿ ತಿರುಗುವಾಗ ದಾರವನ್ನು ಪೂರ್ತಿ ಎಳೆಯಬಾರದು, ಸಣ್ಣ ಕುಣಿಕೆ ಬಿಡಬೇಕು. ಹೊಸ ಹತ್ತಿ ದಾರ ಒಗೆದಾಗ ಕುಗ್ಗುತ್ತದೆ. ಕುಣಿಕೆ ಇಲ್ಲದಿದ್ದರೆ ಸುತ್ತಲಿನ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ. ನನ್ನ ರಫುವಿನ ಮೇಲಿನ ಅರ್ಧ ಹಾಗೇ ಸುಕ್ಕಾಗಿದೆ, ಕೆಳಗಿನ ಅರ್ಧ ನುಣುಪಾಗಿದೆ. ಬಣ್ಣವೂ ಪೂರ್ತಿ ಹೊಂದಲಿಲ್ಲ. ದೂರದಿಂದ ಗಾಯದ ಕಲೆಯ ಹಾಗೆ ಕಾಣುತ್ತದೆ. ಆದರೆ ಒಂದೂವರೆ ವರ್ಷವಾದರೂ ಅಲ್ಲಾಡಿಲ್ಲ, ಅಂಚಿನಲ್ಲಿ ಹೊಸ ಹರಕೂ ಇಲ್ಲ. ಮಂಡಿ ಮಡಚಿದರೆ ಅದೂ ಜೊತೆಗೇ ಮಡಚುತ್ತದೆ.

ತೊಡೆಗೆ ಮಾತ್ರ ಕೈ ರಫು ಬೇಡ. ಅಲ್ಲಿ ಒಂದು ತೂತಿರುವುದಿಲ್ಲ, ಅಂಗೈಯಗಲ ಬಟ್ಟೆಯೇ ತೆಳುವಾಗಿರುತ್ತದೆ. ಒಳಗಡೆ ಹಳೆಯ ಮೆತ್ತನೆ ಬಟ್ಟೆಯ ತುಂಡು ಇಟ್ಟು, ಮೆಷಿನ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಒತ್ತೊತ್ತಾಗಿ ಸಾಲು ಹಾಕಿದೆ. ಇಪ್ಪತ್ತು ನಿಮಿಷ ಸಾಕು. ಸಾಲುಗಳನ್ನು ಒಂದೇ ಗೆರೆಗೆ ನಿಲ್ಲಿಸದೆ ಒಂದು ಉದ್ದ, ಒಂದು ಗಿಡ್ಡ ಮಾಡಿದರೆ ಎಳೆತ ಒಂದೇ ಕಡೆ ಬೀಳುವುದಿಲ್ಲ. ಎಳೆತ ಒಂದೇ ಮೂಲೆಗೆ ಬೀಳುವುದು ಈ ಪ್ಯಾಂಟುಗಳ ಹುಟ್ಟುಗುಣ. ಜೇಬಿನ ಮೂಲೆ ಪದೇ ಪದೇ ಹರಿಯುತ್ತಿತ್ತು ಅಂತ ಜೇಕಬ್ ಡೇವಿಸ್ ಎಂಬ ದರ್ಜಿ ಅಲ್ಲಿ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಪಡೆದ. ಇವತ್ತು ಶೋಕಿಗೆ ಕಾಣುವ ಆ ಗುಂಡಿ ಮೊದಲಿಗೆ ಹರಕಿನ ಮದ್ದಾಗಿತ್ತು.

ಹಾಗಾಗಿ ನನ್ನ ಲೆಕ್ಕ ಹೀಗೆ. ಮಡಚುವ ಜಾಗಕ್ಕೆ ರಫು. ಉಜ್ಜುವ ಜಾಗಕ್ಕೆ ಒಳತೇಪೆ ಇಟ್ಟು ಮೆಷಿನ್. ಮಡಚದ ಜಾಗಕ್ಕೆ, ಅಂದರೆ ಬೆನ್ನುಚೀಲದ ಬದಿಗೋ ಕ್ಯಾನ್ವಾಸ್ ಹೊದಿಕೆಗೋ, ಇಸ್ತ್ರಿ ತೇಪೆ ನಡೆಯುತ್ತದೆ.

ರಫುವಿನ ದಾರದ ತುದಿ ಬಿಚ್ಚಬಾರದು ಅಂತ ಒಮ್ಮೆ ಒಂದು ಹನಿ ಸೂಪರ್ ಗ್ಲೂ ಹಾಕಿದ್ದೆ. ದಯವಿಟ್ಟು ಮಾಡಬೇಡಿ. ಆ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಬಿಸಿ ಹೊಮ್ಮಿಸುತ್ತದೆ. ಹತ್ತಿಯ ಎಳೆಗಳಲ್ಲಿ ಅದು ಸರ್ರನೆ ಹರಡಿ ಎಲ್ಲವೂ ಒಟ್ಟಿಗೇ ಗಟ್ಟಿಯಾಗುವುದರಿಂದ ಬೆರಳು ಸುಡುವಷ್ಟು ಬಿಸಿ, ಜೊತೆಗೆ ಕಣ್ಣುರಿಸುವ ಹೊಗೆ. ಜಾಸ್ತಿ ಬಿದ್ದಿದ್ದರೆ ಏನಾಗುತ್ತಿತ್ತೋ.

ಅದೇ ಸೂಪರ್ ಗ್ಲೂ ಪಿಂಗಾಣಿಗೆ ಹೇಳಿ ಮಾಡಿಸಿದ್ದು ಅಂತ ತುಂಬ ದಿನ ನಂಬಿದ್ದೆ. ಮುರಿದ ಮಗ್ಗಿನ ಹಿಡಿಯನ್ನು ಕೂಡಿಸಿದಾಗ ಗೆರೆ ಕೂಡ ಕಾಣಲಿಲ್ಲ. ಒಂದು ತಿಂಗಳ ನಂತರ ಬಿಸಿನೀರಲ್ಲಿ ತೊಳೆಯುವಾಗ ಹಿಡಿ ಕೈಯಲ್ಲೇ ಉಳಿಯಿತು. ಎರಡು ಟ್ಯೂಬಿನ ಎಪಾಕ್ಸಿಯನ್ನು ಸಮಸಮ ಕಲಸಿ ಮತ್ತೆ ಕೂಡಿಸಿದೆ. ಕಂದು ಗೆರೆ ಎದ್ದು ಕಾಣುತ್ತದೆ, ಒಂದು ದಿನ ಕಾಯಬೇಕು, ಆದರೆ ಚೂರು ಹಾರಿಹೋದ ಜಾಗವನ್ನೂ ಅದು ತುಂಬುತ್ತದೆ. ಹಿಡಿ ಗಟ್ಟಿಯಾಗಿ ನಿಂತಿದೆ. ಹಾಗಂತ ಅದರಲ್ಲಿ ಬಿಸಿ ಏನನ್ನೂ ಕುಡಿಯುವುದಿಲ್ಲ. ತೊಡೆಯ ಮೇಲೆ ಸುರಿದುಕೊಳ್ಳುವ ಧೈರ್ಯ ನನಗಿಲ್ಲ. ಈಗ ಅದು ಪೆನ್ನಿನ ಡಬ್ಬ.

ಪ್ಲಾಸ್ಟಿಕ್ ಬಕೆಟ್ಟಿನ ಬಿರುಕಿನ ಮುಂದೆ ಎರಡೂ ಸೋತವು. ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಅಂತ ಇದ್ದರೆ ಅದು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಸಾಮಾನ್ಯ ಅಂಟುಗಳಿಗೆ ಇವುಗಳ ಮೇಲೆ ಹಿಡಿತವೇ ಸಿಗುವುದಿಲ್ಲ. ನನ್ನ ಬಕೆಟ್ಟಿನದು 5. ಸೂಪರ್ ಗ್ಲೂ ಪೊರೆಯ ಹಾಗೆ ಸುಲಿದು ಬಂತು. ಎಪಾಕ್ಸಿ, ಬಕೆಟ್ಟು ಎತ್ತಿದಾಗ ಬದಿ ಬಾಗಿದ್ದೇ ತಡ, ಹಕ್ಕಳೆಯ ಹಾಗೆ ಕಳಚಿತು. ಇಸ್ತ್ರಿ ತೇಪೆಯದೇ ಕತೆ, ಬಾಗುವ ವಸ್ತುವಿಗೆ ಬಾಗದ ಮದ್ದು.

ಕೊನೆಗೆ ಬಕೆಟ್ಟಿಗೂ ಹೊಲಿಗೆ ಹಾಕಿದೆ. ಬಿರುಕು ಮುಗಿಯುವ ತುದಿಯಲ್ಲಿ ಕಾಯಿಸಿದ ಕಬ್ಬಿಣದ ಮೊಳೆಯಿಂದ ಒಂದು ದುಂಡು ತೂತು. ಬಿರುಕು ಮುಂದೆ ಓಡದಂತೆ ಅದು ತಡೆಯುತ್ತದೆ. ಎರಡೂ ಬದಿಗೆ ಜೋಡಿ ತೂತು ಮಾಡಿ ತೆಳು ತಂತಿಯಿಂದ ಬಿಗಿದೆ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಒಳ್ಳೆಯದಲ್ಲ. ಎಂಟು ತಿಂಗಳಾಯಿತು. ಅಂಚಿನವರೆಗೆ ತುಂಬಿಸಿದರೆ ಕೆಳಗಿನ ಎರಡು ತೂತಿನಿಂದ ತೊಟ್ಟಿಕ್ಕುತ್ತದೆ. ಹಾಗಾಗಿ ನೀರನ್ನು ಆ ತೂತುಗಳ ಕೆಳಗೇ ನಿಲ್ಲಿಸುತ್ತೇನೆ.