ಹಳೆಯ ಕಾರಿಗೆ ಯಾವ ಕೂಲಂಟ್? ಬಳಸಿ ನೋಡಿದ ನಾಲ್ಕು ಬಗೆಗಳ ಹೋಲಿಕೆ

ಹಳೆಯ ಕಾರಿಗೆ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಆರಿಸುವವರು ಡಬ್ಬಿಯ ಬಣ್ಣವನ್ನು ನೋಡುವ ಮೊದಲು, ಆ ದ್ರವ ಯಾವ ಯಾವ ಲೋಹಗಳನ್ನು ಮುಟ್ಟುತ್ತ ಹರಿಯಲಿದೆ ಎಂಬುದನ್ನು ತಿಳಿದುಕೊಳ್ಳಬೇಕು. ನನ್ನ ಬಳಿ ಇರುವ ಕಾರು 1950ರ ದಶಕದ್ದು. ಅದರ ಎಂಜಿನ್ ಬ್ಲಾಕ್ ಮತ್ತು ಹೆಡ್ ಬೀಡು ಕಬ್ಬಿಣದವು. ರೇಡಿಯೇಟರಿನ ಕೊಳವೆಗಳು ಹಿತ್ತಾಳೆಯವು, ಅವುಗಳ ನಡುವಿನ ತೆಳು ಹಾಳೆಗಳು ತಾಮ್ರದವು, ಇವನ್ನೆಲ್ಲ ಕೂಡಿಸಿ ಹಿಡಿದಿರುವುದು ಸೀಸ ಮತ್ತು ತವರ ಬೆರೆತ ಬೆಸುಗೆ. ಬ್ಲಾಕಿನ ರಂಧ್ರಗಳನ್ನು ಮುಚ್ಚುವ ಕೋರ್ ಪ್ಲಗ್‌ಗಳು ಉಕ್ಕಿನವು. ಕೂಲಂಟಿನ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟಿನ ಮೇಲಿನ ಮುಚ್ಚಳವೊಂದು ಮಾತ್ರ ಅಲ್ಯೂಮಿನಿಯಂ. ಇಂದಿನ ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಸೇರಿ ಆದದ್ದು, ಸೀಸದ ಬೆಸುಗೆಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೊಸ ಕೂಲಂಟುಗಳು ರೂಪುಗೊಂಡದ್ದು ಅಂಥ ಕಾರುಗಳಿಗಾಗಿ. ಹೊಸದೆಲ್ಲ ಉತ್ತಮ ಎಂಬ ಲೆಕ್ಕವನ್ನು ಹಳೆಯ ಎಂಜಿನ್ನಿಗೆ ಹಾಗೆಯೇ ಅನ್ವಯಿಸಲು ಬಾರದಿರುವುದಕ್ಕೆ ಕಾರಣ ಇಷ್ಟೇ.

ತುಕ್ಕು ಹಿಡಿಯಲು ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಎಂಜಿನ್ನಿನೊಳಗೆ ಒಮ್ಮೆ ತುಂಬಿದ ನೀರಿನಲ್ಲಿ ಕರಗಿರುವ ಆಮ್ಲಜನಕ ಬೇಗನೆ ಮುಗಿದುಹೋಗುತ್ತದೆ. ಹೊಸ ಗಾಳಿ ಸೇರುತ್ತಲೇ ಇದ್ದರೆ ಮಾತ್ರ ತುಕ್ಕು ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಉದುರಿದ ಕೆಂಪು ಕೆಸರು ನೀರಿನ ಓಟ ನಿಧಾನವಾಗಿರುವ ಕಡೆ, ಹೆಚ್ಚಾಗಿ ಬ್ಲಾಕಿನ ಹಿಂಬದಿಯ ಸಿಲಿಂಡರಿನ ಸುತ್ತ, ತಳದಲ್ಲಿ ಕೂರುತ್ತದೆ. ಅಲ್ಲಿಂದ ಶಾಖ ಸರಿಯಾಗಿ ಹೊರಬಾರದೆ ಆ ಸಿಲಿಂಡರ್ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ, ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ಅದನ್ನು ತೋರಿಸುವುದಿಲ್ಲ, ಏಕೆಂದರೆ ಅದರ ಸಂವೇದಕ ಸಾಮಾನ್ಯವಾಗಿ ಮುಂಭಾಗದಲ್ಲಿ, ಥರ್ಮೋಸ್ಟಾಟಿನ ಹತ್ತಿರ ಇರುತ್ತದೆ. ಇದರ ಜೊತೆಗೆ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಒಂದೇ ದ್ರವದಲ್ಲಿ ಮುಳುಗಿರುವುದರಿಂದ ಅವುಗಳ ನಡುವೆ ಸಣ್ಣ ವಿದ್ಯುತ್ಕೋಶವೊಂದು ಏರ್ಪಟ್ಟು, ದುರ್ಬಲ ಲೋಹ ಸವೆಯುತ್ತದೆ.

ಹೊಲಸು ತುಂಬಿದ ಬ್ಲಾಕಿನಲ್ಲಿ ನಾಲ್ಕು ಕೂಲಂಟುಗಳನ್ನು ಹೋಲಿಸುವುದು ವ್ಯರ್ಥ ಶ್ರಮ. ಆದ್ದರಿಂದ ಮೊದಲು ಥರ್ಮೋಸ್ಟಾಟ್ ಮತ್ತು ಅಲ್ಯೂಮಿನಿಯಂ ಮುಚ್ಚಳವನ್ನು ಬಿಚ್ಚಿಟ್ಟು, ಬ್ಲಾಕಿನ ಪಕ್ಕದ ಡ್ರೈನ್ ಟ್ಯಾಪ್ ಕಳಚಿ, ಅದರ ರಂಧ್ರದಲ್ಲಿ ಗಟ್ಟಿ ತಂತಿ ಆಡಿಸಿ ಕೆಸರನ್ನು ಸಡಿಲಿಸಿ, ನೀರನ್ನು ಹಿಮ್ಮುಖವಾಗಿ ಹರಿಸಿದೆ. ಆಮೇಲೆ ಬ್ಲಾಕಿಗೆ ಮಾತ್ರ ಸಿಟ್ರಿಕ್ ಆಮ್ಲದ ತೆಳು ದ್ರಾವಣ ತುಂಬಿ, ಬಿಸಿಯಾಗಿಯೇ ಇರಿಸಿ, ಹೊರಹಾಕಿ, ವಾಷಿಂಗ್ ಸೋಡಾದ ನೀರಿನಿಂದ ಆಮ್ಲವನ್ನು ತಟಸ್ಥಗೊಳಿಸಿ, ಕೊನೆಯಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆ. ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಿಗೆ ವಾಷಿಂಗ್ ಸೋಡಾ ಹಾಕಬಾರದು. ಕ್ಷಾರ ಆ ಲೋಹವನ್ನು ತಿನ್ನುತ್ತದೆ. ರೇಡಿಯೇಟರನ್ನು ಬೇರೆಯಾಗಿ ಬರಿಯ ನೀರಿನಿಂದ ತೊಳೆದದ್ದು ಬೆಸುಗೆಯ ಮೇಲಿನ ಕಾಳಜಿಯಿಂದ.

ಕೂಲಂಟುಗಳನ್ನು ಪರೀಕ್ಷಿಸಲು ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ1384 ಎಂಬ ಪ್ರಯೋಗಶಾಲೆಯ ವಿಧಾನವೊಂದಿದೆ. ತಾಮ್ರ, ಬೆಸುಗೆ, ಹಿತ್ತಾಳೆ, ಉಕ್ಕು, ಬೀಡು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಡುಗಳನ್ನು ದ್ರವದಲ್ಲಿ ಮುಳುಗಿಸಿ, ಗಾಳಿ ಹಾಯಿಸುತ್ತ, 88 ಡಿಗ್ರಿ ಸೆಲ್ಸಿಯಸ್‌ನಲ್ಲಿ 336 ಗಂಟೆ ಇರಿಸಿ, ಪ್ರತಿ ತುಂಡು ಎಷ್ಟು ತೂಕ ಕಳೆದುಕೊಂಡಿತೆಂದು ಅಳೆಯುತ್ತಾರೆ. ನನ್ನಲ್ಲಿ ಅಂಥ ಉಪಕರಣಗಳಿಲ್ಲ. ಆದರೂ ಅದೇ ತತ್ತ್ವವನ್ನು ಹಿಡಿದು, ಕಾರಿನಲ್ಲಿ ಬಳಸಿದ ಪ್ರತಿಯೊಂದು ದ್ರವದಲ್ಲೂ ಈ ಲೋಹಗಳ ತುಂಡುಗಳನ್ನು ಗಾಜಿನ ಜಾಡಿಗಳಲ್ಲಿ ಮುಳುಗಿಸಿಟ್ಟು, ಆಗಾಗ ಬಿಸಿ ಮಾಡಿ, ಕಣ್ಣಳತೆಯಲ್ಲಿ ಗಮನಿಸಿದೆ. ಇದು ತೂಕದ ಲೆಕ್ಕ ಕೊಡದು. ಯಾವ ಲೋಹ ಮೊದಲು ಕೆಡುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ತೋರಿಸುತ್ತದೆ, ನನಗೆ ಬೇಕಾಗಿದ್ದುದೂ ಅದೇ.

ಮೊದಲನೆಯದು ಬಟ್ಟಿ ಇಳಿಸಿದ ನೀರು ಮತ್ತು ತುಕ್ಕುನಿರೋಧಕದ ಮಿಶ್ರಣ. ಶಾಖ ಹೊತ್ತೊಯ್ಯುವುದರಲ್ಲಿ ನೀರಿಗೆ ಸಾಟಿಯಿಲ್ಲ: ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.18 ಕಿಲೋಜೂಲ್ ಬೇಕು, ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲನ್ನು ಅರ್ಧ ಬೆರೆಸಿದ ದ್ರವಕ್ಕೆ 3.4ರ ಆಸುಪಾಸು ಸಾಕು. ಏರುದಾರಿಯಲ್ಲಿ ಮುಳ್ಳು ಅತ್ಯಂತ ಕೆಳಗೆ ನಿಂತದ್ದು ಈ ಮಿಶ್ರಣದಲ್ಲೇ. ಆದರೆ ಮುಚ್ಚಳದಲ್ಲಿ ಒತ್ತಡವಿಲ್ಲದ ವ್ಯವಸ್ಥೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಎತ್ತರದ ಪ್ರದೇಶಗಳಲ್ಲಿ ಅದಕ್ಕೂ ಮೊದಲೇ. ಚೆಲ್ಲಿಹೋದದ್ದನ್ನು ಬರಿಯ ನೀರಿನಿಂದ ತುಂಬಿಸುತ್ತ ಹೋದಂತೆ ನಿರೋಧಕದ ಪ್ರಮಾಣ ಇಳಿಯುತ್ತದೆ, ಅದು ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಜಾಡಿಯಲ್ಲಿ ನಿರೋಧಕ ಪೂರ್ಣ ಪ್ರಮಾಣದಲ್ಲಿದ್ದಾಗ ಕಬ್ಬಿಣ ಶುಭ್ರವಾಗಿಯೇ ಇತ್ತು. ಅದನ್ನು ಅರ್ಧಕ್ಕೆ ಇಳಿಸಿದ ಜಾಡಿಯಲ್ಲಿ ಅಂಚುಗಳಿಂದ ಕಿತ್ತಳೆ ಬಣ್ಣ ಹರಡತೊಡಗಿತು. ನೀರು ಹೆಪ್ಪುಗಟ್ಟುವ ಹವೆಯಲ್ಲಿ ಈ ಆಯ್ಕೆಯ ಮಾತೇ ಬೇಡ, ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗಿ ಬ್ಲಾಕನ್ನೇ ಸೀಳಬಲ್ಲದು. ನೀರಿಗೆ ಸಾಲ್ಯುಬಲ್ ಆಯಿಲ್ (ನೀರಿನಲ್ಲಿ ಬೆರೆಯುವ ಎಣ್ಣೆ) ಬೆರೆಸುವ ಹಳೆಯ ರೂಢಿಯನ್ನು ಕೆಲವರು ಇಂದಿಗೂ ಬಿಟ್ಟಿಲ್ಲ. ಅದು ತುಕ್ಕನ್ನು ತಡೆಯುತ್ತದೆ, ನಿಜ. ಹೋಸ್‌ಗಳ ರಬ್ಬರನ್ನು ಉಬ್ಬಿಸುವುದೂ ಅದೇ.

ಎರಡನೆಯದು ಐಎಟಿ ಎಂದು ಕರೆಯಲಾಗುವ, ಸಿಲಿಕೇಟ್ ಮೊದಲಾದ ಅಜೈವಿಕ ಲವಣಗಳಿರುವ ಸಾಂಪ್ರದಾಯಿಕ ಕೂಲಂಟ್. ಇದರ ಮೂಲದ್ರವ ಎಥಿಲೀನ್ ಗ್ಲೈಕಾಲ್; ಅಮೆರಿಕದಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಅದು 1927ರಲ್ಲಿ ಮಾರುಕಟ್ಟೆಗೆ ಬಂದದ್ದರಿಂದ, ನಮ್ಮ ಹಳೆಯ ಕಾರುಗಳ ಪಾಲಿಗೆ ಗ್ಲೈಕಾಲ್ ಸಮಕಾಲೀನ ವಸ್ತುವೇ ಹೌದು. ಸಿಲಿಕೇಟ್ ಗೋಡೆಗೆ ಸುಣ್ಣ ಬಳಿದಂತೆ ಎಲ್ಲ ಲೋಹಗಳ ಮೇಲೂ ತೆಳು ಪದರವಾಗಿ ಬೇಗನೆ ಹರಡಿಕೊಳ್ಳುತ್ತದೆ. ನೈಟ್ರೈಟ್ ಕಬ್ಬಿಣವನ್ನೂ, ಅಝೋಲ್ ವರ್ಗದ ರಾಸಾಯನಿಕಗಳು ತಾಮ್ರ-ಹಿತ್ತಾಳೆಗಳನ್ನೂ ಕಾಯುತ್ತವೆ. ಬೋರೇಟ್ ಅಥವಾ ಫಾಸ್ಫೇಟ್ ದ್ರವವನ್ನು ಕ್ಷಾರೀಯವಾಗಿ ಉಳಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಇದು ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ, ಮೈನಸ್ 37 ಡಿಗ್ರಿಯ ಸುಮಾರಿನವರೆಗೆ ಹೆಪ್ಪುಗಟ್ಟುವುದೂ ಇಲ್ಲ. ಹೆಚ್ಚು ಹಾಕಿದಷ್ಟೂ ಹೆಚ್ಚು ರಕ್ಷಣೆ ಎಂಬ ನಂಬಿಕೆ ಮಾತ್ರ ಸುಳ್ಳು: ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಶಾಖ ಹೊರುವ ಶಕ್ತಿಯೂ ಅದರಲ್ಲಿ ಕಡಿಮೆ. ತೀರ ತೆಳ್ಳಗೆ ಬೆರೆಸುವುದೂ ತಪ್ಪು, ಏಕೆಂದರೆ ನಿರೋಧಕಗಳು ಇರುವುದು ಆ ಗಾಢ ದ್ರವದಲ್ಲೇ. ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಸಲು ನನಗೆ ಮನಸ್ಸಿಲ್ಲ.

ಜಾಡಿಯಲ್ಲಿ ಆರೂ ಲೋಹಗಳು ಸಮನಾಗಿ ಉಳಿದದ್ದು ಈ ಕೂಲಂಟಿನಲ್ಲಿ ಮಾತ್ರ. ಬೆಸುಗೆಯ ಹೊಳಪು ಸ್ವಲ್ಪ ಮಾಸಿದ್ದನ್ನು ಬಿಟ್ಟರೆ ಹೇಳುವಂಥ ಬದಲಾವಣೆ ಕಾಣಲಿಲ್ಲ. ಕಾರಿನಲ್ಲಿಯೂ ಜೋಡಣೆಗಳು ಒಣಗಿಯೇ ಇದ್ದವು, ಬಸಿದು ತೆಗೆದ ದ್ರವದ ತಳದಲ್ಲಿ ಕೆಸರು ಇರಲಿಲ್ಲ. ಇದರ ಕೊರತೆ ಆಯುಷ್ಯದ್ದು. ಸಿಲಿಕೇಟ್ ಪದರ ಕಟ್ಟುತ್ತ ಕಟ್ಟುತ್ತ ಖರ್ಚಾಗುತ್ತದೆ, ಗ್ಲೈಕಾಲ್ ನಿಧಾನವಾಗಿ ಆಮ್ಲಗಳಾಗಿ ಒಡೆಯುತ್ತದೆ. ಹಾಗಾಗಿ ಸುಮಾರು 2 ವರ್ಷಕ್ಕೊಮ್ಮೆ, ಕಾರು ಓಡಿರಲಿ ಬಿಡಲಿ, ಇದನ್ನು ಬದಲಿಸಲೇಬೇಕು. ವರ್ಷದ ಹೆಚ್ಚಿನ ಭಾಗ ಷೆಡ್ಡಿನಲ್ಲೇ ನಿಲ್ಲುವ ಕಾರಿನ ಮಾಲೀಕರು ಕಿಲೋಮೀಟರ್ ಲೆಕ್ಕ ಹಿಡಿದು ಇದನ್ನು ಮುಂದೂಡುವುದನ್ನು ನೋಡಿದ್ದೇನೆ. ದ್ರವ ಹಳತಾಗುವುದು ಕ್ಯಾಲೆಂಡರಿನ ಲೆಕ್ಕದಲ್ಲೂ ಹೌದು.

ಮೂರನೆಯದು ಓಎಟಿ, ಅಂದರೆ ಜೈವಿಕ ಆಮ್ಲಗಳನ್ನು ಆಧರಿಸಿದ, 5 ವರ್ಷ ಬಾಳುವ ಕೂಲಂಟ್. ಇದು ಲೋಹದ ಮೇಲೆಲ್ಲ ಪದರ ಕಟ್ಟದೆ, ಸವೆತ ಎಲ್ಲಿ ಆರಂಭವಾಗುತ್ತದೋ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೇಗ ಖರ್ಚಾಗದಿರಲು ಕಾರಣವೂ ಅದೇ. ಅಲ್ಯೂಮಿನಿಯಂ ಎಂಜಿನ್ನುಗಳಲ್ಲಿ ಇದರ ಹಿರಿಮೆಯನ್ನು ಪ್ರಶ್ನಿಸುವಂತಿಲ್ಲ, ನನ್ನ ಜಾಡಿಯಲ್ಲಿಯೂ ಅಲ್ಯೂಮಿನಿಯಂ ತುಂಡು ಹೊಸದರಂತೆಯೇ ಉಳಿಯಿತು. ಆದರೆ ಬೆಸುಗೆಯ ತುಂಡು ಬೂದು ಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಳಿ ಪುಡಿ ಮೂಡಿತು. ಕಾರಿನಲ್ಲಿ ವಾಟರ್ ಪಂಪಿನ ಗ್ಯಾಸ್ಕೆಟ್ ಮತ್ತು ಮೇಲಿನ ಹೋಸ್ ಜೋಡಣೆಯ ಬಳಿ ಹಿಂದೆಂದೂ ಇರದ ಜಿನುಗು ಕಾಣಿಸಿಕೊಂಡಿತು. ಈ ವರ್ಗದ ಹಲವು ದ್ರವಗಳಲ್ಲಿರುವ 2-ಎಥಿಲ್‌ಹೆಕ್ಸನಾಯಿಕ್ ಆಮ್ಲ ಸಿಲಿಕೋನ್ ಮತ್ತು ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುವಾಗಿಸುತ್ತದೆ. ಜೊತೆಗೆ ಸಣ್ಣ ಬಿರುಕುಗಳನ್ನು ಮುಚ್ಚಿಕೊಂಡಿದ್ದ ಹಳೆಯ ಜಿಗುಟನ್ನೂ ದ್ರವ ಸಡಿಲಿಸಿದರೆ ಸೋರಿಕೆ ಸಹಜವೇ. ಎಲ್ಲ ಓಎಟಿಗಳೂ ಬೆಸುಗೆಯನ್ನು ತಿಂದುಹಾಕುತ್ತವೆ ಎಂಬುದು ಅತಿಶಯೋಕ್ತಿ; ಸೂತ್ರ ಒಂದೊಂದರಲ್ಲೂ ಬೇರೆಯಾಗಿರುತ್ತದೆ. ಆದರೂ ಬದಲಿ ಸಿಗದ ರೇಡಿಯೇಟರಿನಲ್ಲಿ ಅಂಥ ಸೂತ್ರಗಳನ್ನು ಒಂದೊಂದಾಗಿ ಪರೀಕ್ಷಿಸುವ ಧೈರ್ಯ ನನಗಿಲ್ಲ. ಸಿಲಿಕೇಟನ್ನೂ ಸೇರಿಸಿಕೊಂಡ ಮಿಶ್ರ ಬಗೆಯ ಕೂಲಂಟುಗಳೂ ಇವೆ, ಅವುಗಳನ್ನು ನಾನು ಕಾರಿಗೆ ಹಾಕಿ ನೋಡಿಲ್ಲ.

ನಾಲ್ಕನೆಯದು ನೀರೇ ಇಲ್ಲದ, ಬರಿಯ ಗ್ಲೈಕಾಲುಗಳಿಂದಾದ ಕೂಲಂಟ್. ಇದರ ಪರವಾದ ತರ್ಕ ಸರಳವೂ ಆಕರ್ಷಕವೂ ಆಗಿದೆ: ನೀರಿಲ್ಲದ ಕಡೆ ತುಕ್ಕಿಲ್ಲ. ಕುದಿಯುವ ಬಿಂದು 180 ಡಿಗ್ರಿಗೂ ಮೇಲೆ ಇರುವುದರಿಂದ ವ್ಯವಸ್ಥೆಯೊಳಗೆ ಒತ್ತಡವೂ ಹೆಚ್ಚು ಏರುವುದಿಲ್ಲ, ಹಳೆಯ ಹೋಸ್‌ಗಳಿಗೂ ಬೆಸುಗೆಗೂ ಅದು ದೊಡ್ಡ ಅನುಕೂಲ. ಜಾಡಿಯಲ್ಲಿ ಕಬ್ಬಿಣ ಅತ್ಯಂತ ಶುಭ್ರವಾಗಿ ಉಳಿದದ್ದೂ ಇದರಲ್ಲೇ, ಇದನ್ನು ಒಪ್ಪಲೇಬೇಕು. ಆದರೆ ಶಾಖ ಹೊರುವ ಶಕ್ತಿ ಇದರಲ್ಲಿ ನೀರಿಗಿಂತ ಬಹಳ ಕಡಿಮೆ, ದ್ರವವೂ ಮಂದ. ಅದೇ ಏರುದಾರಿಯಲ್ಲಿ ಮುಳ್ಳು ಉಳಿದೆಲ್ಲ ಕೂಲಂಟುಗಳಿಗಿಂತ ಮೇಲೆ ನಿಂತಿತು. ಕುದಿಯದಿರುವುದೂ ಒಂದು ಬಗೆಯಲ್ಲಿ ಅಪಾಯವೇ. ಹಬೆ ಎದ್ದು ಎಚ್ಚರಿಸುವ ಮೊದಲೇ ಹೆಡ್ ಮಿತಿಮೀರಿ ಕಾದಿರಬಹುದು, ಎಂಜಿನ್ ಆಯಿಲ್ ತೆಳುವಾಗಿರಬಹುದು. ವಿಮಾನಗಳ ಮರ್ಲಿನ್ ಎಂಜಿನ್ ಕೂಡ 1930ರ ದಶಕದಲ್ಲಿ ಶುದ್ಧ ಗ್ಲೈಕಾಲಿನಿಂದ ಆರಂಭಿಸಿ, ಮುಂದೆ ಶೇ. 70 ನೀರು ಮತ್ತು ಶೇ. 30 ಗ್ಲೈಕಾಲಿನ, ಒತ್ತಡವಿರುವ ವ್ಯವಸ್ಥೆಗೆ ತಿರುಗಿದ್ದು ಇಲ್ಲಿ ನೆನಪಾಗುತ್ತದೆ. ಇದನ್ನು ತುಂಬುವಾಗ ಬ್ಲಾಕಿನ ಮೂಲೆಮೂಲೆಯ ನೀರನ್ನೂ ತೆಗೆಯಬೇಕು, ಶೇ. 3ಕ್ಕಿಂತ ಹೆಚ್ಚು ನೀರು ಉಳಿದರೆ ಉದ್ದೇಶವೇ ಕೆಡುತ್ತದೆ. ದಾರಿಯ ನಡುವೆ ಹೋಸ್ ಒಡೆದರೆ ಸಿಕ್ಕ ನೀರನ್ನು ತುಂಬಿಸಿ ಮನೆ ಸೇರಬಹುದಾದರೂ, ಆಮೇಲೆ ಎಲ್ಲವನ್ನೂ ಮೊದಲಿನಿಂದ ಬಸಿದು ತುಂಬಬೇಕಾಗುತ್ತದೆ.

ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನ್ನ ಕಾರಿನಲ್ಲಿ ಉಳಿದದ್ದು ಐಎಟಿ, ಬಟ್ಟಿ ಇಳಿಸಿದ ನೀರಿನೊಂದಿಗೆ ಅರ್ಧಕ್ಕರ್ಧ. ಕೊಳಾಯಿಯ ಗಡಸು ನೀರಿನ ಕ್ಯಾಲ್ಸಿಯಂ ಕಾದ ಗೋಡೆಗಳ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ, ಫಾಸ್ಫೇಟ್ ಇರುವ ಕೂಲಂಟಿನಲ್ಲಂತೂ ಇನ್ನೂ ಬೇಗ. ಕ್ಲೋರೈಡ್ ಲೋಹದಲ್ಲಿ ಕುಳಿ ಕೊರೆಯುತ್ತದೆ. ಗೃಹಬಳಕೆಯ ಯಂತ್ರದಿಂದ ಮೆದುವಾಗಿಸಿದ ನೀರಿನಲ್ಲಿ ಸೋಡಿಯಂ ಲವಣ ಉಳಿದಿರುವುದರಿಂದ ಅದು ಇಲ್ಲಿ ಪರಿಹಾರವಲ್ಲ.

ಇಷ್ಟಾದರೂ, ಒಳ್ಳೆಯ ಕೂಲಂಟ್ ಗಾಳಿಯ ಎದುರು ಬಹುಕಾಲ ನಿಲ್ಲಲಾರದು. ಕೆಳಗಿನ ಹೋಸ್ ಪಂಪಿನ ಹೀರುವ ಬದಿಯಲ್ಲಿದೆ. ಅಲ್ಲಿಯ ಕ್ಲಿಪ್ ಸಡಿಲವಿದ್ದರೆ ಹನಿಯೂ ಸೋರದೆ ಗಾಳಿಯನ್ನು ಒಳಗೆಳೆದುಕೊಳ್ಳಬಹುದು. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗ್ ಮತ್ತು ರಬ್ಬರ್ ಸರಿಯಿರಬೇಕು. ಚದರ ಅಂಗುಲಕ್ಕೆ ಒಂದೊಂದು ಪೌಂಡ್ ಒತ್ತಡಕ್ಕೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆಂದು, 4 ಪೌಂಡಿಗಾಗಿ ಕಟ್ಟಿದ ರೇಡಿಯೇಟರಿಗೆ 13 ಪೌಂಡಿನ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಹೆಡ್ ಗ್ಯಾಸ್ಕೆಟ್ ಮೂಲಕ ಒಳನುಸುಳುವ ದಹನಾನಿಲ ಕೂಲಂಟನ್ನು ಬೇಗನೆ ಆಮ್ಲೀಯಗೊಳಿಸುತ್ತದೆ. ಇನ್ನು ಕೂಲಂಟಿನ ಮೂಲಕ ಹರಿದು ಲೋಹವನ್ನು ಸವೆಸುವ ವಿದ್ಯುತ್ತಿನ ಸೋರಿಕೆಯನ್ನು ತಿಳಿಯಲು ಡಿಜಿಟಲ್ ವೋಲ್ಟ್‌ಮೀಟರಿನ ಒಂದು ಕಡ್ಡಿಯನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿ, ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೆ ಹಿಡಿಯಬೇಕು. ಹಳೆಯ ಕಾರುಗಳಲ್ಲಿ ಅದು ಪಾಸಿಟಿವ್ ತುದಿಯೂ ಆಗಿರಬಹುದು. ದೀಪ, ಹೀಟರ್ ಎಲ್ಲ ಹಾಕಿದಾಗ ಅಳತೆ 0.3 ವೋಲ್ಟ್ ದಾಟಿದರೆ, ಕೂಲಂಟ್ ಬದಲಿಸುವ ಮೊದಲು ಎಂಜಿನ್ನಿನ ಅರ್ತ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಯುವುದು ಲೇಸು.

ನನ್ನ ಆಯ್ಕೆ ಎಲ್ಲರಿಗೂ ಹೊಂದುವುದಿಲ್ಲ. ಫೋರ್ಡ್ ಮಾಡೆಲ್ ಟಿ ಅಥವಾ ಆಸ್ಟಿನ್ ಸೆವೆನ್‌ನಂತೆ ಪಂಪಿಲ್ಲದೆ, ಬಿಸಿ ನೀರು ತಾನಾಗಿ ಮೇಲೇರುವುದನ್ನೇ ನೆಚ್ಚಿರುವ ಕಾರುಗಳಿಗೆ ಮಂದ ದ್ರವ ತರವಲ್ಲ. ಹೆಪ್ಪುಗಟ್ಟುವ ಭಯವಿಲ್ಲದ ಕಡೆ ಅವುಗಳಿಗೆ ನಾನು ನೀರು ಮತ್ತು ನಿರೋಧಕವನ್ನೇ ಹೇಳುತ್ತೇನೆ, ನಿರೋಧಕದ ಪ್ರಮಾಣವನ್ನು ಆಗಾಗ ಪರೀಕ್ಷಿಸುವ ತಾಳ್ಮೆ ಇರುವವರಾದರೆ. ರೇಡಿಯೇಟರನ್ನು ಅಲ್ಯೂಮಿನಿಯಂಗೆ ಬದಲಿಸಿ, ಗ್ಯಾಸ್ಕೆಟ್ ಮತ್ತು ಸೀಲುಗಳನ್ನೆಲ್ಲ ಹೊಸದಾಗಿ ಹಾಕಿಸಿದವರು ಓಎಟಿ ಬಳಸಲು ಹಿಂಜರಿಯಬೇಕಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಹಳೆಯದನ್ನು ಪೂರ್ತಿ ಬಸಿದು ತೊಳೆಯಬೇಕು, ಎರಡು ಬೆರೆತರೆ ನಿರೋಧಕಗಳು ಬೇರ್ಪಟ್ಟು ಲೋಳೆಯಾಗಬಹುದು. ಬಸಿದ ಗ್ಲೈಕಾಲ್ ಸಿಹಿಯಾದ ವಿಷವಾದ್ದರಿಂದ ಅದನ್ನು ಮಕ್ಕಳಿಗೂ ನಾಯಿಗಳಿಗೂ ಎಟುಕದ, ಮುಚ್ಚಳವಿರುವ ಡಬ್ಬಿಗೆ ಆಗಲೇ ತುಂಬಿಸಬೇಕು. ತುಂಬಿದ ತಿಂಗಳು ಮತ್ತು ವರ್ಷವನ್ನು ಬರೆದ ಚೀಟಿಯೊಂದನ್ನು ನಾನು ರೇಡಿಯೇಟರಿನ ಮೇಲ್ಪಟ್ಟಿಗೆ ಕಟ್ಟಿಡುತ್ತೇನೆ. ನಡುವೆ ಪಿಎಚ್ ಪಟ್ಟಿ ಅದ್ದಿ ನೋಡಿ, ಅಳತೆ 7.5ಕ್ಕಿಂತ ಕೆಳಗಿಳಿದಿದ್ದರೆ ಚೀಟಿಯ ದಿನಾಂಕಕ್ಕೆ ಕಾಯದೆ ಬಸಿದುಬಿಡುತ್ತೇನೆ.